ಲುಸೇರೊ ಹೋರಿಯ ಮೇಲಿನ ದೂರು

ಒಬ್ಬನು ತನ್ನ ತಪ್ಪನ್ನು ಇನ್ನೊಬ್ಬ ಮನುಷ್ಯನ ತಲೆಗೆ ಕಟ್ಟಿದರೆ, ಕಟ್ಟಿಸಿಕೊಂಡವನು ಬಾಯಿಬಿಟ್ಟು ಜಗಳವಾದರೂ ಆಡಬಲ್ಲ. ಹೋರಿಯ ತಲೆಗೆ ಕಟ್ಟಿದರೆ ಅದು ಯಾರ ಬಳಿ ಹೇಳಿಕೊಳ್ಳಬೇಕು? ಈ ಅನ್ಯಾಯವನ್ನು ಸಹಿಸಲಾರದೆಯೇ ನಾನು, ನಿವೃತ್ತಳಾದ ಶಾಲಾ ಶಿಕ್ಷಕಿ, ಅರವತ್ತೆರಡನೆಯ ವಯಸ್ಸಿನಲ್ಲಿ ದನದ ದೊಡ್ಡಿಯ ನಡುವೆ ಕೆಂಪು ಹೊದ್ದು ನಿಲ್ಲಬೇಕಾಯಿತು.

ಸಂತಿಯಾಗೊ ಹಬ್ಬದ ದಿನ ನಮ್ಮ ಬೆಟ್ಟದೂರಿನಲ್ಲಿ ದನಗಳ ಕಿವಿಗೆ ಬಣ್ಣದ ಪಟ್ಟಿ ಹೊಲಿದು, ಕೊಂಬಿನ ಕಹಳೆ ಊದಿ, ಅವುಗಳ ಮುಂದೆ ಕುಣಿಯುತ್ತೇವೆ. ಈ ವರ್ಷ ಸಮುದಾಯದ ಅಧ್ಯಕ್ಷ ಎಲೂತೇರಿಯೊ ಹೊಸ ಕೆಂಪು ಪೊಂಚೊ, ಅಂದರೆ ನಡುವಿನ ಸೀಳಿನಲ್ಲಿ ತಲೆ ತೂರಿಸಿ ಹೊದೆಯುವ ಕಂಬಳಿ, ಹೊದ್ದು ಬಂದಿದ್ದ. ವಿಧವೆ ಸತುರ್ನೀನಾಳ ಹೋರಿ ಲುಸೇರೊ ಅವನನ್ನು ನೀರಿನ ಕಾಲುವೆಯವರೆಗೆ ಅಟ್ಟಿಸಿಕೊಂಡು ಹೋಯಿತು. ಅವನು ಕಾಲುವೆಗೆ ಬಿದ್ದ, ಊರು ನಕ್ಕಿತು. ಮರುದಿನವೇ ಅವನು ಅದೇ ಪೊಂಚೊ ಒಣಗಿಸಿ ಹೊದ್ದು ಬಂದು, ದೊಡ್ಡಿಯ ಬಳಿ ಸಭೆ ಕರೆದು, ಕೆಂಪು ಕಂಡರೆ ಕೆರಳುವ ಈ ಹೋರಿಯನ್ನು ಕಟುಕನಿಗೆ ಒಪ್ಪಿಸಬೇಕೆಂದು ಪ್ರಸ್ತಾಪಿಸಿದ.

ಸತುರ್ನೀನಾಳಿಗೆ ಇರುವುದು ಒಂದೇ ಜೋಡಿ. ಒಂಟಿ ಹೋರಿ ನೊಗ ಎಳೆಯಲಾರದು. ಉಳುಮೆ ತಪ್ಪಿದ ಹೊಲವನ್ನು ಸಮುದಾಯ ಬೇರೆಯವರಿಗೆ ಹಂಚುವುದು ನಮ್ಮ ನಿಯಮ. ಹೋರಿ ಹೋದರೆ ಅವಳ ಆಲೂಗಡ್ಡೆಯ ಹೊಲವೂ ಹೋದಂತೆಯೇ.

"ಟೀಚರಮ್ಮ, ನೀವಾದ್ರೂ ಏನಾದ್ರೂ ಹೇಳಿ," ಎಂದು ಅವಳು ನನ್ನ ತೋಳು ಹಿಡಿದಳು. "ನನ್ ಲುಸೇರೊ ನಾಯಿಮರೀನೂ ತುಳ್ದಿಲ್ಲ."

ನಾನು ಎದ್ದು ನಿಂತೆ. "ಎಲೂತೇರಿಯೊ, ಹೋರಿ ಅಟ್ಟಿಸ್ಕೊಂಡು ಬರೋ ಮುಂಚೆ ನೀನೇನು ಮಾಡ್ತಿದ್ದೆ?"

"ಏನೂ ಇಲ್ಲ ಟೀಚರ್. ಸುಮ್ನೆ ನಿಂತಿದ್ದೆ."

"ಸುಮ್ನೆ ನಿಂತಿದ್ನಂತೆ!" ಸತುರ್ನೀನಾ ಕೈ ತಟ್ಟಿದಳು. "ಅದ್ರ ಮೂಗಿನ ಮುಂದೇನೇ ಪೊಂಚೊ ಬಿಚ್ಚಿ ಗರಗರ ತಿರುಗಿಸ್ಕೊಂಡು ಕುಣೀತಿದ್ಯಲ್ಲಪ್ಪ!"

"ಮೂರನೇ ಕ್ಲಾಸಲ್ಲೂ ಹೀಗೇ ಇದ್ದೆ ನೀನು," ಎಂದೆ. "ಕಿಟಕಿ ಗಾಜು ಒಡ್ದಿದ್ದು ಗಾಳಿ ಅಂದಿದ್ದೆ."

ಜನ ನಕ್ಕರು. ಅವನ ಕಿವಿ ಕೆಂಪಾಯಿತು. "ಗಾಜಿನ ಮಾತು ಬಿಡಿ. ಹೋರಿಗೆ ಕೆಂಪು ಆಗಲ್ಲ ಅಂತ ಹಾಲು ಕುಡಿಯೋ ಮಗೂಗೂ ಗೊತ್ತು."

"ಹಾಗಾದ್ರೆ ಇಷ್ಟು ದನದ ಕಿವೀಗೂ ಕೆಂಪು ಪಟ್ಟಿ ಹೊಲ್ದಿದ್ದು ಯಾರು? ನಾವೇ ತಾನೆ? ಒಂದರ ಕಿವಿ ಇನ್ನೊಂದಕ್ಕೆ ಕಾಣಲ್ವಾ? ಯಾವ್ದಾದ್ರೂ ಹಾಯ್ಕೊಂಡು ಸತ್ತಿದ್ಯಾ?"

ಹಿಂದಿನಿಂದ ಯಾರೋ, "ಪಟ್ಟಿ ಚಿಕ್ದು ಟೀಚರಮ್ಮ, ಪೊಂಚೊ ದೊಡ್ದು!" ಎಂದು ಕೂಗಿದರು. ಕಣ್ಣೆದುರಿನ ಸಾಕ್ಷ್ಯಕ್ಕಿಂತ ಕೇಳಿದ ಮಾತನ್ನೇ ನಂಬುವ ಈ ಸೋಮಾರಿತನದ ವಿರುದ್ಧ ನಾನು ಮೂವತ್ತು ವರ್ಷ ಪಾಠ ಹೇಳಿದ್ದೆ. ಹೋರಿಯ ಕಣ್ಣಿಗೆ ಕೆಂಪಿನಲ್ಲಿ ಯಾವ ವಿಶೇಷವೂ ಇಲ್ಲ, ಎದುರಿಗೆ ಪಟಪಟ ಬಡಿಯುವುದು ಯಾವ ಬಣ್ಣದ್ದಾದರೂ ಅದು ನುಗ್ಗುತ್ತದೆ ಎಂಬುದನ್ನು ಹಲಗೆಯ ಮೇಲೆ ಬರೆದೂ ತೋರಿಸಿದ್ದೆ. ಎದುರಿಗೆ ಕುಳಿತವರೆಲ್ಲ ಅದನ್ನು ಬರೆದುಕೊಂಡಿದ್ದವರೇ!

"ತಾ ಆ ಪೊಂಚೊ," ಎಂದೆ.

ಅದನ್ನು ತಲೆಯ ಮೇಲಿಂದ ಇಳಿಬಿಟ್ಟುಕೊಂಡು ಲುಸೇರೊ ಇದ್ದ ಕಲ್ಲುಗೋಡೆಯ ದೊಡ್ಡಿಯೊಳಕ್ಕೆ ನಡೆದೆ. "ಟೀಚರಮ್ಮ, ಬ್ಯಾಡ!" ಎಂದು ಸತುರ್ನೀನಾಳೇ ಕೂಗಿದಳು. ನಡುವೆ ನಿಂತು, ಕೈಗಳನ್ನು ಪೊಂಚೊದೊಳಗೆ ಬಿಗಿಹಿಡಿದು, ಕಲ್ಲಾದೆ.

ಲುಸೇರೊ ತಲೆಯೆತ್ತಿತು. ನಿಧಾನವಾಗಿ ಹತ್ತಿರ ಬಂದು ಮೂಸಿತು. ಎಲೂತೇರಿಯೊನ ಬೆವರು ಅದಕ್ಕೆ ಉಪ್ಪುಪ್ಪಾಗಿ ಹಿಡಿಸಿರಬೇಕು, ಪೊಂಚೊದ ಅಂಚನ್ನು ನೆಕ್ಕಿತು. ಆಮೇಲೆ ಬಾಯಿಗೆ ಹಾಕಿಕೊಂಡು ಜಗಿಯತೊಡಗಿತು.

"ಅಯ್ಯೋ, ನನ್ ಹೊಸ ಪೊಂಚೊ!" ಎಂದು ಎಲೂತೇರಿಯೊ ಗೋಡೆಯ ಆಚೆಯಿಂದ ಒಳಕ್ಕೆ ಬಗ್ಗಿ ತನ್ನ ಬಿಳಿಯ ಹ್ಯಾಟನ್ನು ಜೋರಾಗಿ ಬೀಸಿದ. "ಹಚ್! ಬಿಡೋ! ಬಿಡ್ತೀಯೋ ಇಲ್ವೋ!"

ಲುಸೇರೊ ಕೆಂಪನ್ನು ಉಗುಳಿ ಬಿಳಿಯ ಮೇಲೆ ನುಗ್ಗಿತು. ಅಧ್ಯಕ್ಷನು ಗೋಡೆಯ ಆಚೆ ಹಿಂದಕ್ಕೆ ಉರುಳಿದ. ಹ್ಯಾಟು ಹೋರಿಯ ಬಲಗೊಂಬಿನಲ್ಲಿ ಉಳಿಯಿತು. ನಗು ಎದುರು ಬೆಟ್ಟಕ್ಕೆ ತಾಗಿ ಮರಳಿತು.

"ದೋನ್ ಎಲೂತೇರಿಯೊ, ಈಗ ಬಿಳೀನೂ ಆಗಲ್ವಂತೆ ಅದಕ್ಕೆ!"

"ಬಟ್ಟೇನೇ ಹಾಕ್ಬೇಡಿ ಅಧ್ಯಕ್ಷರೇ, ಯಾಕ್ ಬೇಕು!"

ಅವನು ಮಣ್ಣು ಕೊಡವಿಕೊಂಡು ಎದ್ದ. ಹೋರಿಯನ್ನೂ ಹ್ಯಾಟನ್ನೂ ನೋಡಿ, "ನಿನ್ನೆ ನಾನು ಪೊಂಚೊ ಬೀಸಿದ್ದು ನಿಜ," ಎಂದ. ಗಾಜು ಒಡೆದಾಗ ಬಾರದಿದ್ದ ಆ ಮಾತು ಆ ಬಾಯಿಂದ ಬರಲು ನಲವತ್ತು ವರ್ಷ ಹಿಡಿಯಿತು. ಆದರೂ ಬಂತು, ಅದು ದೊಡ್ಡದು. "ಲುಸೇರೊ ಸತುರ್ನೀನಾ ಹತ್ರಾನೇ ಇರ್ಲಿ ಅನ್ನೋರು ಕೈ ಎತ್ತಿ," ಎಂದು ಅವನೇ ಕೇಳಿ, ಎಲ್ಲರಿಗಿಂತ ಮೊದಲು ತಾನೇ ಎತ್ತಿದ.

"ಎತ್ತಿ, ಆದ್ರೆ ಬೀಸ್ಬೇಡಿ!" ಎಂದಳು ಸತುರ್ನೀನಾ, ಅಳುತ್ತಲೂ ನಗುತ್ತಲೂ.

ಗೋಡೆಯುದ್ದಕ್ಕೂ ಕೈಗಳು ಮೇಲೆದ್ದವು. ಇಡೀ ಊರಿನಲ್ಲಿ ಕೈ ಎತ್ತದೆ ಉಳಿದವಳು ನಾನೊಬ್ಬಳೇ. ಲುಸೇರೊ ನನ್ನತ್ತಲೇ ನೋಡುತ್ತಿತ್ತು.