ಅಕ್ಕನ ತೊಂಬತ್ತನಾಲ್ಕು

ಒಂದು ಊರಿನಲ್ಲಿ ಇಬ್ಬರು ಅಕ್ಕತಂಗಿಯರಂತೆ. ಒಬ್ಬಳು ಇದ್ದಳಂತೆ, ಒಬ್ಬಳು ಇರಲಿಲ್ಲವಂತೆ. ಇಲ್ಲದವಳಿಗೆ ಎಲ್ಲವೂ ಗೊತ್ತಿತ್ತಂತೆ; ಇದ್ದವಳು ಮಾತ್ರ ಪುಸ್ತಕ ಓದಬೇಕಿತ್ತಂತೆ.

ನನ್ನ ತಲೆಗೆ ಎಣ್ಣೆ ತಿಕ್ಕುತ್ತಾ ಅಜ್ಜಿ ಹೇಳುತ್ತಿದ್ದ ಕಥೆಗಳಲ್ಲಿ ರಾಜಕುಮಾರಿಯರು ಬದಲಾಗುತ್ತಿದ್ದರು, ರಾಕ್ಷಸರು ಬದಲಾಗುತ್ತಿದ್ದರು. ಈ ಇಬ್ಬರು ಮಾತ್ರ ಬದಲಾಗುತ್ತಿರಲಿಲ್ಲ. ಇದ್ದವಳು ನಾನು, ಲೋಲಾಕ್ಷಿ. ಇಲ್ಲದವಳು ನನ್ನ ಅಕ್ಕ ಉಮಾವತಿ. ನಾನು ಹುಟ್ಟುವ ಮೂರು ವರ್ಷ ಮೊದಲು, ಐದು ತುಂಬಿದ ವಾರದಲ್ಲೇ ಜ್ವರ ಬಂದು ಹೋದವಳು. ಜಗಲಿಯ ಅಂಚಿನಲ್ಲಿ ಕುಳಿತು, ಹಿಮ್ಮಡಿಯಿಂದ ಗೋಡೆಗೆ ಟಕ್ ಟಕ್ ಎಂದು ಬಡಿಯುತ್ತಾ, ಒಂದೂ ತಪ್ಪದೆ ನೂರರವರೆಗೆ ಎಣಿಸುತ್ತಿದ್ದಳಂತೆ.

"ಅವಳ ಹತ್ತಿರ ಏನೂ ಕೇಳಬೇಡ ಮಗಾ," ಎನ್ನುತ್ತಿದ್ದರು ಅಜ್ಜಿ. "ಕೇಳಿದರೆ ಕೊಡ್ತಾಳೆ. ಕೊಟ್ಟ ಮೇಲೆ ಅವಳೂ ಕೇಳ್ತಾಳೆ."

"ಎಂಥ ಕೇಳ್ತಾಳೆ?"

"ಮತ್ತೆಂಥ? ಮದುವೆ."

ನಮ್ಮ ತುಳುವರಲ್ಲಿ ಸತ್ತ ಮಕ್ಕಳಿಗೂ ಪ್ರಾಯ ಬರುತ್ತದೆ. ಬದುಕಿದ್ದರೆ ಮದುವೆಯಾಗುತ್ತಿದ್ದ ವಯಸ್ಸಿಗೆ, ಅದೇ ರೀತಿ ತೀರಿಕೊಂಡ ಇನ್ನೊಬ್ಬರನ್ನು ಹುಡುಕಿ, ಎರಡು ಮನೆಯವರು ಕೂಡಿ ಧಾರೆ ಎರೆಯುತ್ತಾರೆ. ಕುಲೆ ಮದುವೆ ಎಂದು ಅದರ ಹೆಸರು. ಅಪ್ಪ ಒಮಾನಿಗೆ ಬಂದ ಮೇಲೆ ಅಕ್ಕನದು ಹಾಗೆಯೇ ಉಳಿಯಿತು. ಎರಡು ವರ್ಷಕ್ಕೊಮ್ಮೆ ಸಿಗುವ ರಜೆಯಲ್ಲಿ ಬದುಕಿದ್ದವರ ಕೆಲಸಗಳೇ ಮುಗಿಯುತ್ತಿರಲಿಲ್ಲ. ಕೊನೆಗೆ ಅಜ್ಜಿಯೂ ತೀರಿಕೊಂಡರು. ನಾನು ಡಾಕ್ಟರಾಗಿ, ತೊಂಬತ್ತಮೂರನೇ ಇಸವಿಯಲ್ಲಿ ಅಪ್ಪ ಅಮ್ಮನಿದ್ದ ಅಲ್ ಹೈಲಿನ ಫ್ಲ್ಯಾಟಿಗೆ ಬಂದು, ಅಲ್ ಖೌದಿನ ಸಣ್ಣದೊಂದು ಕ್ಲಿನಿಕ್ಕಿಗೆ ಸೇರಿಕೊಂಡೆ.

ಮಕ್ಕಳ ತಜ್ಞೆಯಾಗಬೇಕೆಂಬುದು ನನ್ನ ಆಸೆ. ಅಮೆರಿಕದಲ್ಲಿ ಅದಕ್ಕೆ ರೆಸಿಡೆನ್ಸಿ ಎನ್ನುವ ಮೂರು ವರ್ಷದ ತರಬೇತಿ ಉಂಟು. ಅರ್ಜಿ ಹಾಕುವ ಮೊದಲು ಹೊರದೇಶದ ವೈದ್ಯರು ಅವರ ಲೈಸೆನ್ಸಿನ ಎರಡು ಪರೀಕ್ಷೆ ಪಾಸಾಗಬೇಕು. ಮೊದಲನೆಯದರಲ್ಲಿ ನನಗೆ ಬಂದದ್ದು ಎಪ್ಪತ್ತೈದು. ಪಾಸಿಗೆ ಬೇಕಾದದ್ದೂ ಎಪ್ಪತ್ತೈದೇ. ಫೇಲಾಗಿದ್ದರೆ ಮತ್ತೊಮ್ಮೆ ಬರೆಯಬಹುದಿತ್ತು. ಪಾಸಾದವರಿಗೆ ಆ ಅವಕಾಶವೂ ಇಲ್ಲ. ಅದು ಜನ್ಮದ ಮಚ್ಚೆಯ ಹಾಗೆ ಅಂಟಿಕೊಂಡೇ ಇರುತ್ತದೆ.

ಎರಡನೆಯ ಪರೀಕ್ಷೆಗೆ ವಿಮಾನ ಹತ್ತಿ ಬೇರೆ ದೇಶಕ್ಕೆ ಹೋದೆ. ಬೆಳಿಗ್ಗೆ ಪರೀಕ್ಷೆಯ ಕೋಣೆಯ ಬಾಗಿಲಲ್ಲಿ ಪೆನ್ಸಿಲ್ ಕೈಜಾರಿ ಬಿತ್ತು. ಅದನ್ನು ಹೆಕ್ಕಲು ಬಗ್ಗಿದಾಗ, ಯಾರಿಗೂ ಕೇಳದ ಹಾಗೆ ತುಳುವಿನಲ್ಲಿ ಹೇಳಿಬಿಟ್ಟೆ: "ಅಕ್ಕ, ಇದೊಂದು ಪರೀಕ್ಷೆಗೆ ನನ್ನ ಜೊತೆ ಕೂತ್ಕೋ. ನಿನ್ನ ಮದುವೆ ನಾನು ಮಾಡಿಸ್ತೇನೆ."

ನನ್ನ ಪಕ್ಕದ ಮೇಜಿನವರು ಬರಲಿಲ್ಲ. ಕುರ್ಚಿ ಖಾಲಿ ಇತ್ತು. ಗಂಟೆ ಬಾರಿಸಿದ ಸ್ವಲ್ಪ ಹೊತ್ತಿನಲ್ಲಿ ಆ ಕುರ್ಚಿಯ ಕಡೆಯಿಂದ ಸಣ್ಣ ಸದ್ದು ಬರತೊಡಗಿತು. ಟಕ್. ಟಕ್. ಹಿಮ್ಮಡಿ ಕಬ್ಬಿಣದ ಕಾಲಿಗೆ ತಾಗುವ ಸದ್ದು. ನಾನು ತಿರುಗಿ ನೋಡಲಿಲ್ಲ. ನೋಡಲು ಪುರುಸೊತ್ತೂ ಇರಲಿಲ್ಲ. ಪ್ರಶ್ನೆ ಓದಿ ಮುಗಿಸುವ ಮೊದಲೇ ಪೆನ್ಸಿಲ್ ಉತ್ತರದ ಗುಂಡಿಯನ್ನು ಕಪ್ಪು ಮಾಡಿ ಮುಂದಿನದಕ್ಕೆ ಹೋಗಿರುತ್ತಿತ್ತು. ಎರಡು ದಿನವೂ ಹಾಗೆಯೇ.

ಬಂದದ್ದು ತೊಂಬತ್ತನಾಲ್ಕು.

ಅಪ್ಪ ಬಿಲ್ಡಿಂಗಿನ ಎಲ್ಲ ಮನೆಗಳಿಗೂ ಲಡ್ಡು ಹಂಚಿದರು. ನಾನು ಕೊಟ್ಟ ಮಾತನ್ನು ಮಾತ್ರ ಯಾರಿಗೂ ಹೇಳಲಿಲ್ಲ. ಕುತ್ತಿಗೆಗೆ ಸ್ಟೆತಸ್ಕೋಪ್ ಹಾಕಿಕೊಂಡವಳು ಇಂಥದ್ದನ್ನು ಹೇಗೆ ಹೇಳುವುದು? ಬೇಸಿಗೆ ಕಳೆಯಲಿ ಎಂದುಕೊಂಡೆ. ಬೇಸಿಗೆ ಕಳೆಯಿತು. ಅರ್ಜಿಗಳು ಹೋಗಲಿ ಎಂದುಕೊಂಡೆ.

ಅರ್ಜಿಯ ಜೊತೆ ತನ್ನ ಬಗ್ಗೆ ಒಂದು ಪುಟ ಬರೆದು ಕಳಿಸಬೇಕು. ಮೊದಲೇ ಅಲ್ಲಿಗೆ ಹೋಗಿ ಸೇರಿದ್ದ ಗೆಳತಿ ಆಲಿಸ್ ಪತ್ರದಲ್ಲಿ ಎಚ್ಚರಿಸಿದ್ದಳು: 'ನಿನ್ನ ಎರಡು ಅಂಕಗಳನ್ನು ಅಕ್ಕಪಕ್ಕ ಇಟ್ಟು, ಇವೆರಡರಲ್ಲಿ ನೀನು ಯಾವುದು ಅಂತ ಕೇಳ್ತಾರೆ ಲೋಲಾ. ಉತ್ತರ ರೆಡಿ ಇಟ್ಕೋ.' ನಾನು ಅಂಕಗಳ ಸುದ್ದಿಯನ್ನೇ ಎತ್ತದೆ, ಮಕ್ಕಳೆಂದರೆ ನನಗೆ ಪ್ರೀತಿ ಎಂದೆಲ್ಲ ಬರೆದು, ಟೈಪ್ ಮಾಡಲು ಬೊನಿಫಾಸರಿಗೆ ಕೊಟ್ಟೆ. ಬೊನಿಫಾಸ್ ನಮ್ಮ ಕ್ಲಿನಿಕ್ಕಿನ ರಿಸೆಪ್ಷನಿಸ್ಟ್, ಟೈಪಿಸ್ಟ್, ಪೋಸ್ಟ್ ಬಾಕ್ಸಿನ ಕೀ ಇಟ್ಟುಕೊಂಡವರು, ಎಲ್ಲವೂ. ಮಂಗಳೂರಿನವರು. ನನ್ನ ಜೊತೆ ಇಂಗ್ಲಿಷು, ಮನಸ್ಸಾದರೆ ಕನ್ನಡ. ಹದಿನೈದು ಆಸ್ಪತ್ರೆಗಳಿಗೆ ಹದಿನೈದು ಲಕೋಟೆ ಅವರೇ ಅಂಟಿಸಿ ಹಾಕಿ ಬಂದರು.

ಡಿಸೆಂಬರಿನ ಹೊತ್ತಿಗೆ ಹದಿನಾಲ್ಕು ಕಡೆಯಿಂದ 'ವಿಷಾದಿಸುತ್ತೇವೆ' ಎಂದು ಬಂತು. ಹದಿನೈದನೆಯದು ಒಂದು ಸಣ್ಣ ಊರಿನ ಮಕ್ಕಳ ಆಸ್ಪತ್ರೆ. ಅದರ ಮುಖ್ಯಸ್ಥರು ಜನವರಿ ಇಪ್ಪತ್ತಕ್ಕೆ ಸಂದರ್ಶನಕ್ಕೆ ಕರೆದಿದ್ದರು. ಕೆಳಗೆ ಕೈಬರಹದಲ್ಲಿ ನಾಲ್ಕು ಸಾಲು: 'ಅಂಕಗಳ ಏರುಪೇರಿಗೆ ಎಲ್ಲರೂ ನೆಪ ಹೇಳುತ್ತಾರೆ. ನೀವು ಹೇಳಿಲ್ಲ. ನಿಮ್ಮ ಅಕ್ಕನ ಬಗ್ಗೆ ಬರೆದದ್ದನ್ನು ನಾವೆಲ್ಲ ಓದಿದೆವು. ಅವರಿಗೆ ಕೊಟ್ಟ ಮಾತು ನೆರವೇರಿತೇ? ಬಂದಾಗ ಹೇಳಿ.'

ನಾನು ಅಕ್ಕನ ಬಗ್ಗೆ ಒಂದಕ್ಷರವನ್ನೂ ಬರೆದಿರಲಿಲ್ಲ.

"ಬೊನಿಫಾಸ್, ಆ ಪುಟದ ಕಾಪಿ ಉಂಟಾ?"

"ಫೈಲಿನಲ್ಲಿ ಉಂಟು ಡಾಕ್ಟರ್. ಯಾಕೆ, ಸ್ಪೆಲ್ಲಿಂಗ್ ತಪ್ಪಾ?"

ಕಾರ್ಬನ್ ಪ್ರತಿಯ ಕೊನೆಯಲ್ಲಿ ನನ್ನದಲ್ಲದ ಒಂದು ಪ್ಯಾರಾ ಇತ್ತು. 'ಮೊದಲನೆಯ ಪರೀಕ್ಷೆ ಇವಳು ಒಬ್ಬಳೇ ಬರೆದದ್ದು. ಎರಡನೆಯದಕ್ಕೆ ಅಕ್ಕ ಜೊತೆಗೆ ಕೂತಿದ್ದಳು. ಅಕ್ಕನಿಗೆ ಒಂದು ಮಾತು ಕೊಟ್ಟಿದ್ದಾಳೆ. ಅದು ಇನ್ನೂ ಆಗಿಲ್ಲ.'

"ಇದನ್ನು ಯಾರು ಸೇರಿಸಿದ್ದು?"

ಬೊನಿಫಾಸ್ ಕನ್ನಡಕ ಹಣೆಗೇರಿಸಿದರು. "ಎಂಥ ತಮಾಷೆ ಮಾರಾಯ್ರೆ? ನೀವೇ ಅಲ್ವಾ? ಐದು ಗಂಟೆಗೆ ಹೋದವರು ವಾಪಸ್ ಬಂದು, ಇಲ್ಲಿ ಸ್ಟೂಲಿನಲ್ಲಿ ಕೂತು ಹೇಳಿದಿರಿ. ಅದೂ ತುಳುವಿನಲ್ಲಿ! ಡಾಕ್ಟರಿಗೆ ಇವತ್ತು ಊರು ನೆನಪಾಯ್ತು ಅಂತ ನಾನೇ ಇಂಗ್ಲಿಷ್ ಮಾಡಿದೆ. 'ಇವಳು' ಅಂದದ್ದನ್ನು 'ನಾನು' ಮಾಡೋಣವಾ ಕೇಳಿದೆ. ಬೇಡ ಅಂದಿರಿ."

"ನನ್ನ ಮುಖ ನೋಡಿದಿರಾ?"

"ಟೈಪ್ ಮಾಡುವವ ಮುಖ ನೋಡಿದರೆ ಆಗ್ತದಾ? ಸ್ವರ ನಿಮ್ಮದೇ. ಸ್ವಲ್ಪ ಶೀತ ಆದ ಹಾಗೆ, ಸಣ್ಣ ಸ್ವರ. ಮತ್ತೆ ಒಂದು ಸಮ ಕಾಲು ಆಡಿಸ್ತಾ ಇದ್ದಿರಿ, ಟಕ್ ಟಕ್ ಅಂತ. ನನಗೆ ಎರಡು ಸಲ ಲೈನ್ ತಪ್ಪಿತು."

ನಾನು ಆ ಸ್ಟೂಲನ್ನು ನೋಡಿದೆ. ಪೇಷಂಟುಗಳು ಡ್ರೆಸ್ಸಿಂಗಿಗೆ ಕಾಲಿಡುವ ಗಿಡ್ಡ ಸ್ಟೂಲು. ನಾನು ಕೂತರೆ ಮೊಣಕಾಲು ಎದೆಗೆ ಬರುತ್ತದೆ. ಅದರ ಮೇಲೆ ಕೂತು ಕಾಲು ಆಡಿಸಬೇಕಾದರೆ ಐದು ವರ್ಷದ ಮಗುವೇ ಆಗಬೇಕು.

ಮರುದಿನ ಒಬ್ಬಳು ತಾಯಿ ಜ್ವರದ ಮಗುವನ್ನು ಕರೆತಂದಳು. ಹತ್ತು ಕಿಲೋ ತೂಕ. ಚೀಟಿಯಲ್ಲಿ ಪ್ಯಾರಾಸಿಟಮಾಲ್ ಎಂದು ಬರೆದೆ. ಎಷ್ಟು ಎಂದು ಬರೆಯಲು ಹೋದರೆ ಸಂಖ್ಯೆ ಬರಲಿಲ್ಲ. ದಿನಕ್ಕೆ ಇಪ್ಪತ್ತು ಸಲ ಬರೆಯುವ ಲೆಕ್ಕ. ಆ ಜಾಗ ಒರೆಸಿದ ಸ್ಲೇಟಿನಂತೆ ಖಾಲಿ. ಪುಸ್ತಕ ತೆರೆದು ನೋಡಿ ಬರೆದುಕೊಟ್ಟೆ. ಆ ಪುಟ ಮುಚ್ಚುತ್ತಲೇ ಮತ್ತೆ ಮರೆಯಿತು. ಶನಿವಾರ ದಡಾರವನ್ನು ಯಾವ ಗುರುತಿನಿಂದ ಹಿಡಿಯಬೇಕೆಂಬುದು ಮರೆತುಹೋಯಿತು. ಭಾನುವಾರ ಮಗುವಿನ ಎದೆಗೆ ಸ್ಟೆತಸ್ಕೋಪ್ ಇಟ್ಟೆ. ಕೇಳಿದ ಸದ್ದಿಗೆ ಏನು ಹೆಸರೆಂದು ತಿಳಿಯಲಿಲ್ಲ. ಮೊದಲ ಪರೀಕ್ಷೆಗೆ ಓದಿದ್ದೆಲ್ಲ ಇದ್ದಲ್ಲೇ ಇತ್ತು: ನರಗಳು, ಮೂಳೆಗಳು, ರಸಾಯನಗಳು. ಹೋಗುತ್ತಿದ್ದದ್ದು ಎರಡನೆಯದರದು ಮಾತ್ರ. ಕೊಟ್ಟವಳು ಒಂದೊಂದಾಗಿ ವಾಪಸ್ ತೆಗೆದುಕೊಳ್ಳುತ್ತಿದ್ದಳು. ಹೀಗೇ ಹೋದರೆ ಇಪ್ಪತ್ತನೇ ತಾರೀಕಿನ ಹೊತ್ತಿಗೆ ಸಂದರ್ಶನದ ಮೇಜಿನ ಮುಂದೆ ಕೂರುವವಳು ಬರೀ ಎಪ್ಪತ್ತೈದು.

ರಜೆ ಹಾಕಿ ಮನೆಗೆ ಬಂದು ಅಪ್ಪ ಅಮ್ಮನ ಮುಂದೆ ಎಲ್ಲವನ್ನೂ ಹೇಳಿದೆ. ಬೈಯುತ್ತಾರೆ ಅಥವಾ ನಗುತ್ತಾರೆ ಎಂದುಕೊಂಡಿದ್ದೆ. ಅಪ್ಪ ದೇಜಪ್ಪ ಟಿವಿ ಆರಿಸಿದರು. ಅಮ್ಮ ವೇದಾವತಿ ಎದ್ದು ಹೋಗಿ ಗೋದ್ರೆಜ್ ಕಪಾಟಿನ ತಳದಿಂದ ಒಂದು ಕಟ್ಟು ತಂದರು. ಬಿಚ್ಚಿದರೆ ಹಸಿರು ರೇಷ್ಮೆ ಸೀರೆ, ರವಿಕೆ, ಬಳೆ, ಕರಿಮಣಿ.

"ಯಾವಾಗ ತೆಗೆದದ್ದಮ್ಮ?"

"ಅವಳಿಗೆ ಇಪ್ಪತ್ತೊಂದು ಆದ ವರ್ಷ. ಈಗ ಮೂವತ್ತೈದು. ರವಿಕೆ ಮಾತ್ರ ನೀನು ಇಲ್ಲಿಗೆ ಬಂದ ಮೇಲೆ ಹೊಲಿಸಿದ್ದು. ಅಳತೆಗೆ ನಿನ್ನದೇ ಕೊಟ್ಟೆ, ಮತ್ತೆ ಯಾರದು ಕೊಡ್ಲಿಕ್ಕೆ?"

"ಇದೆಲ್ಲ ಊರಿನಲ್ಲಿ ಆಗಬೇಕಾದ್ದು," ಎಂದರು ಅಪ್ಪ. "ಕಡಲು ದಾಟಿ ಇಲ್ಲಿಗೆ ಬರ್ತಾಳಾ ಅವಳು?"

"ಪರೀಕ್ಷೆಗೆ ಬಂದವಳು ಮದುವೆಗೆ ಬರುವುದಿಲ್ವಾ?" ಅಮ್ಮ ಗದರಿದರು. "ಫೋನ್ ಮಾಡಿ. ಇಬ್ರಿಯಲ್ಲಿ ಟೈಲರ್ ಶಾಪಿನ ಸಂಕಪ್ಪಣ್ಣ ತಮ್ಮನಿಗೆ ಹುಡುಗಿ ಹುಡುಕ್ತಾ ಇದ್ದಾರೆ. ನಾನು ಎರಡು ವರ್ಷದ ಹಿಂದೆಯೇ ನಿಮಗೆ ಹೇಳಿದ್ದೆ. ನಿಮಗೆ ಓವರ್‌ಟೈಮು."

ಸಂಕಪ್ಪನವರ ತಮ್ಮ ಕೊರಗಪ್ಪ ಏಳನೇ ವರ್ಷಕ್ಕೆ ಹೊಳೆಯಲ್ಲಿ ಹೋದವನು. ಅಪ್ಪ ಫೋನಿನಲ್ಲಿ ಮಾತಾಡಿದ್ದನ್ನು ನಾನು ಪಕ್ಕದಲ್ಲೇ ನಿಂತು ಕೇಳಿಸಿಕೊಂಡೆ. ಮೊದಲು ಬಳಿ ಕೇಳಿದರು; ಬಳಿ ಎಂದರೆ ನಮ್ಮಲ್ಲಿ ಗೋತ್ರದ ಹಾಗೆ, ಒಂದೇ ಬಳಿಯೊಳಗೆ ಮದುವೆ ಇಲ್ಲ. ಎರಡು ಕುಟುಂಬದ ಬಳಿ ಬೇರೆ ಬೇರೆ ಎಂದು ತಿಳಿದ ಮೇಲೆ ಸಂಕಪ್ಪನವರ ಸ್ವರ ಉತ್ಸಾಹದಿಂದ ಏರಿತು.

"ಹುಡುಗಿ ಓದಿದವಳಾ ದೇಜಪ್ಪಣ್ಣ?"

ಅಪ್ಪ ನನ್ನ ಮುಖ ನೋಡಿದರು. "ಅಮೆರಿಕದ ಪರೀಕ್ಷೆಯಲ್ಲಿ ತೊಂಬತ್ತನಾಲ್ಕು."

"ಅಯ್ಯೋ! ನಮ್ಮವ ಒಂದನೇ ಕ್ಲಾಸಲ್ಲೇ ಎರಡು ವರ್ಷ ಕೂತವ ಮಾರಾಯ್ರೆ. ಆಮೇಲೆ ಹೇಳಲಿಲ್ಲ ಅನ್ನಬೇಡಿ."

"ಅವಳು ಎಣಿಸ್ಲಿಕ್ಕೆ ಕಲಿಸ್ತಾಳೆ ಬಿಡಿ," ಎಂದರು ಅಪ್ಪ. ಶುಕ್ರವಾರಕ್ಕೆ ದಿನ ಗೊತ್ತು ಮಾಡಿ ಫೋನ್ ಇಟ್ಟರು.

ಶುಕ್ರವಾರ ಬೆಳಿಗ್ಗೆ ಇಬ್ರಿಯಿಂದ ಮೂರು ಗಂಟೆ ಕಾರು ಓಡಿಸಿಕೊಂಡು ಸಂಕಪ್ಪ, ಅವರ ಹೆಂಡತಿ ಸುಂದರಕ್ಕ ಬಂದರು. ಸಂಕಪ್ಪ ತಮ್ಮನಿಗೆಂದು ತಾವೇ ಹೊಲಿದ ಬಿಳಿ ಅಂಗಿ, ಜರಿ ಅಂಚಿನ ಪಂಚೆ, ಪೇಟ ತಂದಿದ್ದರು. ಮಣೆ ಇರಲಿಲ್ಲ, ಊಟದ ಮೇಜಿನ ಎರಡು ಕುರ್ಚಿಗಳನ್ನು ಪೂರ್ವಕ್ಕೆ ಮುಖ ಮಾಡಿ ಇಟ್ಟೆವು. ಒಂದರ ಮೇಲೆ ಸೀರೆ ಉಡಿಸಿದ ಹಾಗೆ ನೆರಿಗೆ ಹಿಡಿದು ಹಾಸಿದರು ಅಮ್ಮ. ಇನ್ನೊಂದರ ಮೇಲೆ ಅಂಗಿ, ಪಂಚೆ. ಕುರ್ಚಿಗಳ ಹಿಂದೆ ಹಾದುಹೋಗುತ್ತಿದ್ದ ನನ್ನನ್ನು ಸುಂದರಕ್ಕ ತಡೆದರು: "ಆಚೆಯಿಂದ ಬಾ ಮಗಾ, ಮದುಮಗಳ ಜಡೆ ತುಳೀಬೇಡ."

ನಾನು ಆಚೆಯಿಂದ ಬಂದೆ.

"ಒಂದು ಸಂಶಯ," ಎಂದರು ಸಂಕಪ್ಪ, ಸೀರೆಯ ಕುರ್ಚಿಗೆ ಮಲ್ಲಿಗೆ ಇಳಿಬಿಡುತ್ತಾ. "ವೀಸಾ ಇಲ್ಲದೆ ಈ ದೇಶಕ್ಕೆ ಬಂದವಳು ಇವಳೊಬ್ಬಳೇ. ಇವಳ ಜವಾಬ್ದಾರಿ ಹೊತ್ತ ಕಫೀಲ್ ಯಾರು?"

"ಇವತ್ತಿನವರೆಗೆ ನಾನು," ಎಂದೆ.

ಯಾರೂ ನಗಲಿಲ್ಲ. ಏಕೆಂದರೆ ಅಷ್ಟು ಹೊತ್ತಿಗೆ ಎಲ್ಲರಿಗೂ ಕೇಳಿತ್ತು. ಹಸಿರು ಸೀರೆಯ ಕುರ್ಚಿಯ ಕಾಲಿಗೆ, ನೆರಿಗೆಯ ಒಳಗಿನಿಂದ: ಟಕ್. ಟಕ್. ಏಸಿ ನಿಲ್ಲಿಸಿದರು ಅಪ್ಪ. ಸದ್ದು ನಿಲ್ಲಲಿಲ್ಲ. ಅಮ್ಮ ಮಾತ್ರ ಆ ಕುರ್ಚಿಯತ್ತ ಬಾಗಿ, ನಾನು ಹುಟ್ಟುವುದಕ್ಕೂ ಮೊದಲಿನ ಸ್ವರದಲ್ಲಿ ಹೇಳಿದರು, "ಸುಮ್ಮನೆ ಕೂತ್ಕೋ ಮಗಾ. ಮದುವೆಯ ದಿನವೂ ಕಾಲು ಆಡಿಸ್ತಾರಾ?"

ಸದ್ದು ನಿಂತಿತು.

ಅಪ್ಪ ಸೀರೆಯ ಸೆರಗನ್ನು ಅಂಗಿಯ ತೋಳಿನ ಮೇಲಿಟ್ಟರು. ಕೊಟ್ಟೆವು ಎಂದರು. ತೆಗೆದುಕೊಂಡೆವು ಎಂದರು ಸಂಕಪ್ಪ. ಚೊಂಬಿನ ನೀರನ್ನು ನಾನು ಎರೆದೆ. ಮಾತು ಕೊಟ್ಟವಳು ನಾನಾದ್ದರಿಂದ ನೀನೇ ಎರೆ ಎಂದಿದ್ದರು ಅಮ್ಮ. ಸುಂದರಕ್ಕ ಕರಿಮಣಿಯನ್ನು ಸೀರೆಯ ಮೇಲಿಟ್ಟರು. ಎರಡು ಬಾಳೆಲೆ ಹಾಕಿ ಬಡಿಸಿ, ನಾವು ಐವರೂ ಹೊರಗೆ ಬಂದು ಬಾಗಿಲು ಎಳೆದುಕೊಂಡೆವು. ಅವರು ಉಣ್ಣುವಾಗ ನೋಡಬಾರದು.

ಮೆಟ್ಟಿಲ ಬಳಿ ನಿಂತಿದ್ದಂತೆ ಒಳಗೆ ಮತ್ತೆ ಶುರುವಾಯಿತು. ಟಕ್. ಟಕ್. ಸ್ವಲ್ಪ ಹೊತ್ತಿಗೆ ಇನ್ನೊಂದು ಸದ್ದು ಸೇರಿಕೊಂಡಿತು, ಲಯ ತಪ್ಪುತ್ತಾ, ಹಿಂದೆ ಬೀಳುತ್ತಾ. ಮೊದಲನೆಯದು ನಿಂತು ಕಾದು, ಮತ್ತೆ ಒಂದರಿಂದ ತೊಡಗಿತು. ಸಂಕಪ್ಪ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡರು. ನಾನು ಮನಸ್ಸಿನಲ್ಲೇ ಜೊತೆಗೆ ಎಣಿಸುತ್ತಿದ್ದೆ. ಹದಿನೈದಕ್ಕೆ ಬಂದಾಗ ಒಮ್ಮೆಲೇ ತಿಳಿಯಿತು: ಕಿಲೋಗೆ ಹದಿನೈದು ಮಿಲಿಗ್ರಾಂ. ಹತ್ತು ಕಿಲೋದ ಮಗುವಿಗೆ ನೂರೈವತ್ತು. ಅದರ ಹಿಂದೆಯೇ ಬಾಯೊಳಗೆ ಮೂಡುವ ದಡಾರದ ಬಿಳಿ ಚುಕ್ಕೆಗಳು, ಎದೆಯ ಸದ್ದುಗಳ ಹೆಸರುಗಳು, ಒಂದೊಂದಾಗಿ ತಮ್ಮ ತಮ್ಮ ಜಾಗಕ್ಕೆ ಬಂದು ಕೂತವು.

ನೂರರ ಹೊತ್ತಿಗೆ ಒಳಗೆ ಸದ್ದು ಅಡಗಿತು.

ಸೀರೆ, ಅಂಗಿಗಳನ್ನು ಒಂದೇ ಬಟ್ಟೆಯಲ್ಲಿ ಕಟ್ಟಿ ಸುಂದರಕ್ಕ ಮಡಿಲಿನ ಮಗುವಿನಂತೆ ಎತ್ತಿಕೊಂಡರು. ಕೆಳಗೆ ಮರಳಿನ ಮೇಲೆ ನಿಲ್ಲಿಸಿದ್ದ ಕಾರಿನ ಹತ್ತಿರ ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಿಂತರು.

"ಇನ್ನು ಅವಳ ಕಫೀಲ್ ನಾವು," ಎಂದರು ಸಂಕಪ್ಪ, ನನ್ನ ತಲೆ ಮುಟ್ಟಿ. "ನೀನು ಧೈರ್ಯವಾಗಿ ಹೋಗಿ ಬಾ ಮಗಾ. ಅಲ್ಲಿಯವರು ಕೇಳಿದರೆ, ಮದುವೆ ಆಯ್ತು ಅಂತ ಹೇಳು."

ಸುಂದರಕ್ಕ ಕಟ್ಟಿನೊಂದಿಗೆ ಮುಂದೆ ಕೂತರು. ಸಂಕಪ್ಪ ಹಿಂದಿನ ಬಾಗಿಲು ತೆರೆದು ಹಿಡಿದರು. ಕಾರಿನ ಹಿಂಭಾಗ ಮರಳಿನಲ್ಲಿ ತುಸು ಇಳಿಯಿತು. ಒಂದು ಗಳಿಗೆ ಬಿಟ್ಟು, ಇನ್ನೂ ತುಸು ಇಳಿಯಿತು. ಅವರು ಬಗ್ಗಿ, ಹೊರಗೆ ಏನೂ ಸಿಕ್ಕಿಕೊಂಡಿಲ್ಲವಲ್ಲ ಎಂದು ನೋಡಿ, ಮೆಲ್ಲಗೆ ಬಾಗಿಲು ಹಾಕಿದರು.