ಗೆರೆಯ ಮೇಲೆ ಕೂತ ಕರಡಿ

ಗೀದೋ ಕೆಚಪ್ ಬಾಟಲಿಯನ್ನು ಮೇಜಿನ ಅಂಚಿಗೆ ನಿಲ್ಲಿಸಿದ. ಅದು ಎದುರಾಳಿಗಳ ಗೋಲ್‌ಕೀಪರ್. ಅದಕ್ಕೆ ತಾಗುವಷ್ಟು ಹತ್ತಿರ ಉಪ್ಪಿನ ಡಬ್ಬಿ ಇಟ್ಟ. ಅದು ರೆಮಿ.

"ಇಲ್ಲಿ ನಿಲ್ಬೇಕು ಹುಡುಗ. ಕೀಪರ್ ಮುಖಕ್ಕೆ ಅಂಡು ಕೊಟ್ಟು. ಅವನಿಗೆ ಏನೂ ಕಾಣಬಾರದು. ಪವರ್ ಪ್ಲೇ ಅಂದ್ರೆ ಅಷ್ಟೇ. ಬಾಕಿ ಎಲ್ಲಾ ಅಲಂಕಾರ."

ಹಾರ್ವ್ ಫ್ರೀಸೆನ್ ಉಪ್ಪಿನ ಡಬ್ಬಿಯನ್ನು ಎರಡೇ ಬೆರಳಲ್ಲಿ ಎತ್ತಿ ಮೇಜಿನ ಎಡಬದಿಗೆ, ವಿನೆಗರ್ ಬಾಟಲಿಯ ಪಕ್ಕಕ್ಕೆ ಸರಿಸಿದ. ನಲವತ್ತು ವರ್ಷ ಟಾರ್ಲೆಟ್ ಊರಿನ ಗಂಡಸರ ತಲೆಗೂದಲು ಕತ್ತರಿಸಿದವನು. ಅವಸರ ಅವನ ಕೈಗೆ ಗೊತ್ತಿಲ್ಲ.

"ಅಂಡು ಕೊಡೋಕೆ ನೂರು ಜನ ಸಿಗ್ತಾರೆ ಓರೆಸ್ಟ್. ಆ ಹುಡುಗನ ಕೈ ನೋಡಯ್ಯಾ. ಅಂಥ ಕೈ ಇರೋನನ್ನ ಬದಿಗೆ ನಿಲ್ಲಿಸಿ, ಪಕ್ ಕೊಟ್ಟು, ನಾವು ಸುಮ್ನಿರಬೇಕು. ಅವನೇ ನೋಡ್ತಾನೆ, ಅವನೇ ಹಂಚ್ತಾನೆ."

"ಹಂಚೋಕೆ ಅವನೇನು ಪೋಸ್ಟ್‌ಮ್ಯಾನಾ?"

"ನೀನು ಹೇಳೋ ಕೆಲಸಕ್ಕೆ ಆಟಗಾರ ಯಾಕೆ, ಒಂದು ಬಾಗಿಲು ತಂದು ನಿಲ್ಲಿಸಿದ್ರೆ ಸಾಕು."

"ಉಪ್ಪು ಕೊಡಿ ಇಲ್ಲಿ," ಎಂದೆ ನಾನು. "ಗಿರಾಕಿ ಕೇಳ್ತಿದಾರೆ."

ಇಬ್ಬರೂ ಕೊಡಲಿಲ್ಲ.

ಟಾರ್ಲೆಟ್‌ನ ಐಸ್ ಹಾಕಿ ಅಂಗಳದ ಕ್ಯಾಂಟೀನಿನಲ್ಲಿ ಆಲೂಗೆಡ್ಡೆ ಕರಿಯುವುದು ನನ್ನ ಕೆಲಸ. ಆ ಮೇಜು ನನ್ನ ಬಾಣಲೆಯಿಂದ ಆರಡಿ ದೂರ. ಗೀದೋ ಎಂದರೆ ಉಕ್ರೇನಿಯನ್ ಭಾಷೆಯಲ್ಲಿ ಅಜ್ಜ; ಅಮ್ಮನ ಅಪ್ಪ, ಹೆಸರು ಓರೆಸ್ಟ್. ಅವನು ಸ್ಕೂಲ್ ಬಸ್ಸು ಓಡಿಸುವುದನ್ನು ಬಿಟ್ಟ ದಿನದಿಂದ ಬೆಳಗ್ಗೆ ಹತ್ತಕ್ಕೆ ಅಲ್ಲಿ ಬಂದು ಕೂರುತ್ತಾನೆ. ಹತ್ತೂ ಐದಕ್ಕೆ ಹಾರ್ವ್ ಬರುತ್ತಾನೆ. ಹತ್ತೂ ಆರಕ್ಕೆ ಜಗಳ ಶುರುವಾಗುತ್ತದೆ. ಅಕ್ಟೋಬರಿನಿಂದೀಚೆಗೆ ಜಗಳದ ವಿಷಯ ರೆಮಿ ಲಾವಲೀ ಒಬ್ಬನೇ.

ರೆಮಿಗೆ ಹದಿನೇಳು. ನಮ್ಮ ಊರಿನ ಬ್ಯಾಜರ್ಸ್ ತಂಡದಲ್ಲಿ ಮುಂಚೂಣಿಯಲ್ಲಿ ಆಡುತ್ತಾನೆ. ಪಕ್ ಎಂಬ ರಬ್ಬರ್ ಬಿಲ್ಲೆಯನ್ನು ಎದುರಾಳಿಯ ಬಲೆಗೆ ಹಾಕುವುದು ಅವನ ಕೆಲಸ. ಅವನ ಮನೆ ಉತ್ತರಕ್ಕೆ ಒಂಬತ್ತು ಗಂಟೆಯ ದಾರಿ. ಇಂಥ ಹುಡುಗರನ್ನೆಲ್ಲ ಊರಿನ ಒಂದೊಂದು ಮನೆಯವರು ಆಟದ ಋತು ಮುಗಿಯುವವರೆಗೆ ಇಟ್ಟುಕೊಂಡು ಊಟ ಹಾಕುತ್ತಾರೆ. ರೆಮಿ ನಮ್ಮ ಮನೆಯ ನೆಲಮಾಳಿಗೆಯಲ್ಲಿದ್ದ. ಅಮ್ಮ ಅವನಿಗೆ ದಿನಕ್ಕೆ ಏಳು ಮೊಟ್ಟೆ ಬೇಯಿಸುತ್ತಿದ್ದಳು. ಅವನ ಬೆವರಿನ ಬಟ್ಟೆಯ ವಾಸನೆಗೆ ನಮ್ಮ ಬೆಕ್ಕು ನೆಲಮಾಳಿಗೆಗೆ ಇಳಿಯುವುದನ್ನೇ ಬಿಟ್ಟಿತ್ತು.

ಇಪ್ಪತ್ತು ಪಂದ್ಯದಲ್ಲಿ ಅವನು ಹೊಡೆದದ್ದು ಎರಡು ಗೋಲು. ಆಡಲು ಬಿಡುತ್ತಿದ್ದದ್ದು ಪಂದ್ಯಕ್ಕೆ ಎಂಟು ನಿಮಿಷ. ಎಂಟು ನಿಮಿಷ ಬಿಟ್ಟರೆ ಹುಡುಗ ಬೆಳೆಯುವುದು ಹೇಗೆ ಎಂದು ಗೀದೋ. ಬೆಳೆದರೆ ತಾನೆ ಹೆಚ್ಚು ಬಿಡುವುದು ಎಂದು ಹಾರ್ವ್.

ನವೆಂಬರಿನಲ್ಲಿ ತಂಡದ ದೊಡ್ಡ ಆಟಗಾರ ಕೆಸ್ಲರ್‌ನ ಮಣಿಕಟ್ಟು ಮುರಿಯಿತು. ಎದುರಾಳಿಯೊಬ್ಬ ತಪ್ಪು ಮಾಡಿ ಎರಡು ನಿಮಿಷ ಶಿಕ್ಷೆಯ ಪೆಟ್ಟಿಗೆಯಲ್ಲಿ ಕೂತಾಗ ನಮ್ಮವರು ಐವರು, ಅವರು ನಾಲ್ವರು ಆಗುತ್ತಾರಲ್ಲ, ಆ ಪವರ್ ಪ್ಲೇಯ ಐವರಲ್ಲಿ ಒಂದು ಜಾಗ ಖಾಲಿಯಾಯಿತು. ಒಬ್ಬೊಬ್ಬರನ್ನೇ ಹಾಕಿ ನೋಡಿದ ಕೋಚ್ ಡ್ವೇನ್ ಕೊಬಿಟ್ಜ್, ಡಿಸೆಂಬರಿನ ಎರಡನೇ ಭಾನುವಾರಕ್ಕೆ ರೆಮಿಯ ಹೆಸರು ಬರೆದ. ಆದರೆ ಮಂಗಳವಾರ ಕೆಸ್ಲರ್ ವಾಪಸ್ ಬರುವವನಿದ್ದ. ಅವನು ಬಂದರೆ ಒಬ್ಬ ಹೋಗಲೇಬೇಕು. ಹೋಗುವುದು ಹೋಬಾರ್ಟ್‌ನ ಕೆಳದರ್ಜೆಯ ತಂಡಕ್ಕೆ. ಹೋಬಾರ್ಟ್‌ನಿಂದ ವಾಪಸ್ ಬಂದವರಲ್ಲಿ ನನಗೆ ನೆನಪಿರುವವನು ಒಬ್ಬನೇ. ಅವನು ಗೊಬ್ಬರದ ಲಾರಿ ಓಡಿಸಿಕೊಂಡು ಬಂದ.

ಅಂದರೆ ರೆಮಿಗೆ ಸಿಕ್ಕಿದ್ದು ಒಂದು ಪಂದ್ಯ.

ಭಾನುವಾರ ಬೆಳಗ್ಗೆ ತಿಂಡಿಯ ಹೊತ್ತಿಗೆ ಗೀದೋ ನಮ್ಮ ಅಡುಗೆಮನೆಯಲ್ಲಿ ಹಾಜರಾಗಿದ್ದ.

"ಕೋಚ್ ಏನಂದ?"

"ಎಡಗಡೆ ಬದಿಗೆ ನಿಲ್ಲು ಅಂದ್ರು ಗೀದೋ," ಎಂದ ರೆಮಿ. ಅವನೂ ಗೀದೋ ಎಂದೇ ಕರೆಯುತ್ತಿದ್ದ.

"ನೀನೇನಂದೆ?"

"ಸರಿ ಅಂದೆ."

"ಅವನ ಮಾತು ಕೇಳಿದ್ರೆ ಬದಿಗೆ ನಿಂತು ನಿಂತು ಮಂಗಳವಾರ ಹೋಬಾರ್ಟ್ ಬಸ್ಸಿಗೆ ನಿಲ್ತೀಯ. ಬಲೆ ಮುಂದೆ ಹೋಗು. ಅಲ್ಲಿ ನಿಂತೋನಿಗೆ ಪಕ್ ತಾನಾಗೇ ಬಂದು ತಾಗುತ್ತೆ."

"ಅಪ್ಪಾ, ಅವನ ಕೋಚ್ ನೀನಲ್ಲ," ಎಂದಳು ಅಮ್ಮ. "ಅವನನ್ನ ತಿನ್ನೋಕೆ ಬಿಡು."

"ತಿಂತಾ ಕೇಳಿಸ್ಕೊಳ್ಲಿ. ಬಾಯಲ್ಲಿ ಕೇಳಿಸ್ಕೊಳ್ತಾನಾ? ಏನೋ, ಅರ್ಥ ಆಯ್ತಾ?"

"ಸರಿ."

"ಎಲ್ಲದಕ್ಕೂ ಸರಿ ಅಂತೀಯಲ್ಲೋ ನೀನು."

"ಸರಿ," ಎಂದ ರೆಮಿ, ಆರನೇ ಮೊಟ್ಟೆಗೆ ಕೈ ಹಾಕುತ್ತ.

ಆ ಭಾನುವಾರ ಕರಡಿ ದಿನವೂ ಆಗಿತ್ತು. ಕ್ರಿಸ್‌ಮಸ್‌ಗೆ ಮುಂಚಿನ ಒಂದು ಪಂದ್ಯಕ್ಕೆ ಊರವರೆಲ್ಲ ಒಂದೊಂದು ಬೊಂಬೆ ಕರಡಿ ತರುತ್ತಾರೆ. ನಮ್ಮವರು ಮೊದಲ ಗೋಲು ಹೊಡೆದ ಕೂಡಲೇ ಎಲ್ಲರೂ ತಮ್ಮ ಕರಡಿಯನ್ನು ಮಂಜಿನ ಅಂಗಳಕ್ಕೆ ಎಸೆಯುತ್ತಾರೆ. ಆಮೇಲೆ ಅವನ್ನು ಗುಡಿಸಿ ಆಸ್ಪತ್ರೆಯ ಮಕ್ಕಳಿಗೆ ಕೊಡುತ್ತಾರೆ. ಟಾರ್ಲೆಟ್‌ನಲ್ಲಿ ಮೊದಲ ಕರಡಿ ಎಸೆಯುವುದು ಗೀದೋ. ಯಾರೂ ಅವನನ್ನು ನೇಮಿಸಿದ್ದಲ್ಲ. ಅಂಗಳದ ಸುತ್ತಲಿನ ಗಾಜಿನ ಗೋಡೆಯ ಮೇಲಿನ ರಕ್ಷಣೆಯ ಬಲೆ ಮುಗಿಯುವ ಮೂಲೆಯಲ್ಲಿ, ಗೋಲಿಗೆ ಎಲ್ಲರಿಗಿಂತ ಹತ್ತಿರ ಕೂರುವವನು ಅವನು. ಹನ್ನೊಂದು ವರ್ಷದಿಂದ ಅವನ ಕರಡಿ ಹಾರಿದರೆ ಗೋಲು ಆಯಿತೆಂದೇ ಲೆಕ್ಕ; ಉಳಿದವರು ಅಂಗಳದ ಕಡೆ ನೋಡುವುದೂ ಇಲ್ಲ.

ಅವರಿಗೆ ಗೊತ್ತಿಲ್ಲದ್ದು ಗೀದೋನ ಕಣ್ಣಿನ ವಿಷಯ. ಎರಡು ಕಣ್ಣಿಗೂ ಪೊರೆ ಬಂದಿದೆ. ಡಾಕ್ಟರು ಎರಡು ಸಲ ಆಪರೇಷನ್ನಿಗೆ ದಿನ ಕೊಟ್ಟರು. ಎರಡೂ ಸಲ ಪಂದ್ಯ ಇತ್ತು.

ಪಂದ್ಯ ಮಧ್ಯಾಹ್ನ ಎರಡಕ್ಕೆ. ಕರಡಿ ದಿನ ಮೊದಲ ಗೋಲು ಆಗುವವರೆಗೆ ನನಗೆ ವ್ಯಾಪಾರ ಇರುವುದಿಲ್ಲ, ಎಲ್ಲರ ಕೈಯಲ್ಲೂ ಕರಡಿ. ನಾನು ಕ್ಯಾಂಟೀನಿನ ಕಿಟಕಿಗೆ ಮೊಣಕೈ ಊರಿ ನಿಂತಿದ್ದೆ. ಹನ್ನೊಂದನೇ ನಿಮಿಷಕ್ಕೆ ಎದುರಾಳಿಯೊಬ್ಬ ಕೋಲು ಅಡ್ಡ ಹಾಕಿ ನಮ್ಮವನನ್ನು ಬೀಳಿಸಿ ಪೆಟ್ಟಿಗೆಗೆ ಹೋದ. ರೆಮಿ ಬೇಲಿ ಹಾರಿ ಅಂಗಳಕ್ಕೆ ಇಳಿದ.

ಮೊದಲು ಕೋಚ್ ಹೇಳಿದಂತೆ ಎಡಬದಿಗೇ ನಿಂತ. ಎರಡು ಸಲ ಪಕ್ ಹಂಚಿದ. ಚೆನ್ನಾಗಿಯೇ ಹಂಚಿದ, ಆದರೆ ಪಡೆದವರು ಹಾಳು ಮಾಡಿದರು. ಎರಡು ನಿಮಿಷದಲ್ಲಿ ಒಂದೂವರೆ ಕಳೆಯಿತು. ಆಗ ರೆಮಿ ಮೂಲೆಯ ಕಡೆ ಒಮ್ಮೆ ನೋಡಿದ. ಗೀದೋ ಕೂತ ಮೂಲೆ. ನೋಡಿದವನೇ ಬದಿ ಬಿಟ್ಟು ಹೋಗಿ ಕೀಪರ್‌ನ ಮುಖಕ್ಕೆ ಬೆನ್ನು ಮಾಡಿ ನಿಂತುಬಿಟ್ಟ. ಕೋಚ್ ಬೆಂಚಿನಿಂದ ಏನೋ ಕೂಗಿದ. ಏನು ಎಂದು ಬರೆಯುವಂತಿಲ್ಲ.

ದೂರದಿಂದ ನಮ್ಮವನೊಬ್ಬ ಬಲವಾಗಿ ಹೊಡೆದ. ಪಕ್ ಗೋಲಿನ ಕಂಬಕ್ಕೆ ಟಣ್ ಎಂದು ತಾಗಿ, ಪುಟಿದು ರೆಮಿಯ ಅಂಡಿಗೆ ಬಡಿದು, ಕೀಪರ್‌ನ ಕಾಲ ಸಂದಿಯಿಂದ ಹಿಂದೆ ಉರುಳಿತು.

"ನಾ ಹೇಳಿರಲಿಲ್ವೇನೋ ಹಾರ್ವ್!" ಎಂದು ಗೀದೋ ಎದ್ದು ನಿಂತ. ಅವನ ಕೈಯಿಂದ ಕಂದು ಕರಡಿ, ಕೆಂಪು ಬೋ ಕಟ್ಟಿದ್ದು, ಗಾಜಿನ ಮೇಲೆ ಹಾರಿತು.

ಅದರ ಹಿಂದೆಯೇ ಊರು. ಬಿಳಿ, ಕಪ್ಪು, ಗುಲಾಬಿ, ಮನುಷ್ಯನಷ್ಟು ದೊಡ್ಡವು, ಬನ್ನಿನಷ್ಟು ಸಣ್ಣವು, ಒಂದೆರಡು ಮೊಲ, ಒಂದು ಮೊಸಳೆ. ಸುಮಾರು ಒಂಬೈನೂರು ಜನ, ಒಂದೇ ಉಸಿರಿಗೆ.

ಪಕ್ ಇನ್ನೂ ಉರುಳುತ್ತಿತ್ತು. ಮೆಲ್ಲಗೆ, ಗೋಲಿನ ಗೆರೆಯ ಕಡೆಗೆ. ಇನ್ನು ನಾಲ್ಕು ಬೆರಳು ಹೋಗಿದ್ದರೆ ಗೋಲು. ಅಷ್ಟರಲ್ಲಿ ಗೀದೋನ ಕರಡಿ ಕೀಪರ್‌ನ ಬೆನ್ನಿಗೆ ಬಡಿದು ಜಾರಿ ಗೆರೆಯ ಮೇಲೆ ಕೂತಿತು. ಬಿದ್ದದ್ದಲ್ಲ, ಕೂತದ್ದು, ಕಾಲು ಚಾಚಿಕೊಂಡು. ಪಕ್ ಬಂದು ಅದರ ತೊಡೆಗೆ ತಾಗಿ ನಿಂತುಹೋಯಿತು.

ರೆಫರಿ ಸ್ಕೇಟ್ ಮಾಡಿಕೊಂಡು ಬಂದು, ಬಗ್ಗಿ, ಕರಡಿಯನ್ನು ಬಹಳ ಹೊತ್ತು ನೋಡಿದ. ಆಮೇಲೆ ಎರಡೂ ಕೈ ಅಡ್ಡಕ್ಕೆ ಬೀಸಿದ. ಗೋಲಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಆಟ ನಡೆಯುವಾಗ ಪ್ರೇಕ್ಷಕರು ವಸ್ತು ಎಸೆದದ್ದಕ್ಕೆ ನಮ್ಮ ತಂಡಕ್ಕೇ ಎರಡು ನಿಮಿಷ ಶಿಕ್ಷೆ. ತಂಡದ ಪರವಾಗಿ ಯಾರಾದರೊಬ್ಬ ಪೆಟ್ಟಿಗೆಯಲ್ಲಿ ಕೂರಬೇಕು. ಕೋಚ್ ಯೋಚನೆಯನ್ನೇ ಮಾಡಲಿಲ್ಲ. ಬೆರಳು ತೋರಿಸಿದ. ರೆಮಿ ಕರಡಿಗಳ ನಡುವೆ ದಾರಿ ಮಾಡಿಕೊಂಡು ಹೋಗಿ ಪೆಟ್ಟಿಗೆಯಲ್ಲಿ ಕೂತ.

ಕರಡಿ ಗುಡಿಸಲು ಅರ್ಧ ಗಂಟೆ ಹಿಡಿಯಿತು. ನನ್ನ ಆಲೂಗೆಡ್ಡೆ ಮುಗಿದುಹೋಯಿತು. ಹಾರ್ವ್ ಹೋಗಿ ಗೀದೋನ ಪಕ್ಕ ಕೂತ.

"ಹನ್ನೊಂದು ವರ್ಷದಲ್ಲಿ ಇಂಥ ಕೀಪರ್ ನೋಡಿಲ್ಲ," ಎಂದ. "ಬೋ ಕಟ್ಕೊಂಡು ಬಂದಿತ್ತು ಪಾಪ."

"ಒಳಗೆ ಹೋಗಿತ್ತು. ಕರಡಿ ಹೊರಗೆ ತಳ್ತು."

"ನೀನು ನೋಡಿದ್ಯಾ?"

"ನೋಡದೆ ಎಸೀತೀನಾ?"

ಆಟ ಮತ್ತೆ ಶುರುವಾಯಿತು. ಎರಡು ನಿಮಿಷ ನಮ್ಮವರು ಹೇಗೋ ತಡೆದರು. ಪೆಟ್ಟಿಗೆಯ ಬಾಗಿಲು ತೆರೆದ ಕ್ಷಣಕ್ಕೇ ಪಕ್ ಪುಟಿದು ಅಂಗಳದ ನಡುವೆ ಬಂತು. ರೆಮಿ ಹೊರಬಂದವನೇ ಅದನ್ನು ಕೋಲಿಗೆ ಅಂಟಿಸಿಕೊಂಡು ಒಬ್ಬನೇ ಹೋದ. ಮುಂದೆ ಯಾರೂ ಇಲ್ಲ. ಕೀಪರ್‌ನನ್ನು ಎಡಕ್ಕೆ ಬೀಳಿಸಿ ಬಲಕ್ಕೆ ಹಾಕಿದ. ಗೋಲು. ಕೆಂಪು ದೀಪ, ಹಾರ್ನ್ ಎಲ್ಲ ಆಯಿತು.

ಯಾರ ಹತ್ತಿರವೂ ಕರಡಿ ಇರಲಿಲ್ಲ. ಎಸೆಯಲು ಟೊಪ್ಪಿ, ಕೈಗವಸು ಇದ್ದವು, ಆದರೆ ಇನ್ನೊಂದು ಶಿಕ್ಷೆಯ ಭಯ. ಒಂಬೈನೂರು ಜನ ಕೈ ಕಟ್ಟಿಕೊಂಡು ಕೂತರು, ಮಾಸ್ತರು ಒಳಗೆ ಬಂದ ಹಾಗೆ. ಗೀದೋ ತನ್ನ ಟೊಪ್ಪಿಯನ್ನು ಎರಡೂ ಕೈಯಲ್ಲಿ ತಲೆಗೆ ಒತ್ತಿ ಹಿಡಿದಿದ್ದ.

"ಒಳ್ಳೇ ಗೋಲು," ಎಂದ ಹಾರ್ವ್. "ಪವರ್ ಪ್ಲೇದಲ್ಲ, ಆದ್ರೂ ಒಳ್ಳೇದು."

ಒಂದು ಸೊನ್ನೆಯಲ್ಲಿ ಗೆದ್ದೆವು. ರೆಮಿ ಉಳಿದ ಎಂದೇ ಎಲ್ಲರ ಲೆಕ್ಕ.

ಸೋಮವಾರ ಹತ್ತೂವರೆಗೆ ಅವನು ಕ್ಯಾಂಟೀನಿಗೆ ಬಂದ. ಮುಖ ಹಿಟ್ಟಿನ ಹಾಗೆ ಬಿಳಿಚಿತ್ತು. ಕೋಚ್ ಎಲ್ಲರ ಎದುರು ಪಂದ್ಯದ ವಿಡಿಯೊ ಹಾಕಿದ್ದ. ಗೋಲನ್ನಲ್ಲ, ಪವರ್ ಪ್ಲೇಯನ್ನು. ತಾನು ಬದಿಗೆ ನಿಲ್ಲು ಎಂದಿದ್ದವನಿಗೆ ಮುಂದೆ ಹೋಗು ಎಂದವರು ಯಾರು ಎಂದು ಕೇಳಿದ್ದ.

"ನೀನೇನಂದೆ?" ಎಂದ ಗೀದೋ.

"ಯಾರೂ ಇಲ್ಲ, ನಾನೇ ಹೋದೆ ಅಂದೆ. ಹೇಳಿದ್ದು ಕೇಳದೋರು ಹೋಬಾರ್ಟ್‌ನಲ್ಲಿ ಆಡಬಹುದು, ಬ್ಯಾಗ್ ಕಟ್ಟಿಟ್ಕೋ, ನಾಳೆ ಬೆಳಗ್ಗೆ ಹೇಳ್ತೀನಿ ಅಂದ್ರು."

"ನೀನು?"

"ಸರಿ ಅಂದೆ."

ಗೀದೋ ಕಾಫಿ ಲೋಟ ಕೆಳಗಿಟ್ಟ. ಹಾರ್ವ್‌ನ ಮುಖ ನೋಡಿದ. ಹಾರ್ವ್ ಕಿಟಕಿಯ ಕಡೆ ನೋಡಿದ. ಹಾರ್ವ್ ಅಲ್ಲಿರುವಾಗ ಏನನ್ನೂ ಒಪ್ಪಿಕೊಂಡ ದಾಖಲೆ ಗೀದೋಗಿಲ್ಲ. ಆದರೂ ಎಂದಿನಂತೆ ಸೂಪ್‌ಗೆಂದು ಕೋಚ್ ಬಂದಾಗ ಗೀದೋ ಎದ್ದು ನಿಂತ.

"ಕೋಚ್, ಮುಂದೆ ಹೋಗು ಅಂದಿದ್ದು ನಾನು. ತಿಂಡಿ ಹೊತ್ನಲ್ಲಿ. ಅವನದೇನೂ ತಪ್ಪಿಲ್ಲ, ಅವನು ಯಾರಿಗೂ ಇಲ್ಲ ಅನ್ನೋನಲ್ಲ. ನಿಮಗೂ ಸರಿ ಅಂದ, ನನಗೂ ಸರಿ ಅಂದ. ಎರಡನ್ನೂ ಮಾಡ್ದ."

"ಕರಡಿ ಎಸೆದಿದ್ದೂ ನೀವೇ ಅಲ್ವಾ ಓರೆಸ್ಟ್?"

"ನಾನೇ."

"ಪಕ್ ಒಳಗೆ ಹೋಗಿದ್ದು ನೋಡಿದ್ರಾ?"

ಗೀದೋ ಮತ್ತೊಮ್ಮೆ ಹಾರ್ವ್‌ನ ಕಡೆ ನೋಡಿದ.

"ಇಲ್ಲ," ಎಂದ. "ಪಕ್ ಕಾಣಲಿಲ್ಲ. ಗೆರೆನೂ ಕಾಣಲಿಲ್ಲ. ಈ ಕಣ್ಣಿಗೆ ಎಲ್ಲಾ ಮಜ್ಜಿಗೆ ಆಗಿದೆ. ನಾನು ಹೇಳಿದ ಜಾಗದಲ್ಲಿ ಅವನ ಅಂಡು ಇದ್ದಿದ್ದು ಮಾತ್ರ ಕಾಣ್ತು."

ಕೋಚ್ ನಗಲಿಲ್ಲ. ಸೂಪ್‌ಗೆ ಬಿಸ್ಕತ್ತು ಮುರಿದು ಹಾಕಿದ. ಒಂದು ಚಮಚ ಕುಡಿದ.

"ಹುಡುಗ ಇರ್ತಾನೆ," ಎಂದ. "ಹಾಗೆ ಗೋಲು ಹಾಕೋನನ್ನ ಕಳಿಸೋಕೆ ನನಗೂ ಮನಸ್ಸಿಲ್ಲ. ಆದ್ರೆ ನಿಮ್ಮನೇಲಿ ಬೇಡ. ಒಂದು ಹುಡುಗನಿಗೆ ಇಬ್ಬರು ಕೋಚ್ ಆಗಲ್ಲ. ಹಾಕಿ ಬಗ್ಗೆ ಬಾಯಿ ಬಿಡದ ಮನೆ ಬೇಕು ನನಗೆ." ಸುತ್ತ ನೋಡಿದ. ಅವನ ಕಣ್ಣು ಹಾರ್ವ್‌ನ ಮೇಲೆ ನಿಂತಿತು. ಕೋಚ್ ಎದುರಿಗಿದ್ದಾಗ ಹಾರ್ವ್ ಒಂದು ಮಾತೂ ಆಡುವುದಿಲ್ಲ. ಗಿರಾಕಿಯ ಜೊತೆ ವಾದ ಬೇಡವೆಂದು ಕತ್ತರಿ ಹಿಡಿದವರು ಕಲಿಯುವ ಅಭ್ಯಾಸ. "ಹಾರ್ವ್, ನಿಮ್ಮನೆ ಕೆಳಗಿನ ಕೋಣೆ ಖಾಲಿ ಇದೆಯಲ್ವಾ?"

"ಇದೆ," ಎಂದ ಹಾರ್ವ್.

ನಾನು ಬಾಣಲೆಯ ಕಡೆ ತಿರುಗಿಕೊಂಡೆ. ನಗು ಬಂದರೆ ಗೀದೋಗೆ ಕಾಣಬಾರದಿತ್ತು.

ಮಂಗಳವಾರ ಮಧ್ಯಾಹ್ನ ಹಾರ್ವ್‌ನ ಪಿಕಪ್ ನಮ್ಮ ಮನೆ ಮುಂದೆ ನಿಂತಿತು. ಅಮ್ಮ ಒಂದು ದೊಡ್ಡ ಡಬ್ಬದ ತುಂಬ ಆಲೂಗೆಡ್ಡೆ ತುಂಬಿದ ಪೆರೋಗಿ ಕಡುಬು ಕೊಟ್ಟು, ಡಬ್ಬ ವಾಪಸ್ ತರಬೇಕು ಎಂದಳು. ಬೆಕ್ಕು ಮರುದಿನವೇ ನೆಲಮಾಳಿಗೆಗೆ ಇಳಿಯಿತು. ಗೀದೋ ಕಣ್ಣಿನ ಡಾಕ್ಟರಿಗೆ ಫೋನ್ ಮಾಡಿ ಏಪ್ರಿಲ್ ತಿಂಗಳಿಗೆ, ಋತು ಮುಗಿದ ಮೇಲಿನ ದಿನಕ್ಕೆ, ಹೆಸರು ಬರೆಸಿದ. ಮೂಲೆಯ ಕುರ್ಚಿ ಬಿಟ್ಟು ಮುಂದಿನ ಪಂದ್ಯಕ್ಕೆ ಕ್ಯಾಂಟೀನಿನ ಮೇಜಿಗೇ ಬಂದು ಕೂತ. ಹಾರ್ವ್ ಪಕ್ಕದಲ್ಲಿ ಕೂತ.

"ಬೆಳಗ್ಗೆ ಅವನಿಗೆ ಏನು ಹೇಳ್ದೆ?" ಎಂದ ಗೀದೋ.

"ಏನೂ ಇಲ್ಲ. ಇನ್ನೊಂದು ರೊಟ್ಟಿ ತಿನ್ನು ಅಂದೆ."

"ಸುಳ್ಳು."

"ಬದಿಗೇ ನಿಲ್ಲು, ಅಲ್ಲಾಡಬೇಡ ಅಂದೆ."

"ಅವನೇನಂದ?"

"ಸರಿ ಅಂದ."

ಎರಡನೇ ಅವಧಿಯಲ್ಲಿ ಪವರ್ ಪ್ಲೇ ಸಿಕ್ಕಿತು. ಕೆಸ್ಲರ್‌ನ ಗುಂಪು ಒಂದು ನಿಮಿಷ ಆಡಿ ಏನೂ ಮಾಡದೆ ಬೆಂಚಿಗೆ ಬಂತು. ಎರಡನೇ ಗುಂಪಿನಲ್ಲಿ ರೆಮಿ ಇಳಿದ. ಗೀದೋ ಕಣ್ಣು ಕಿರಿದು ಮಾಡಿ ಕಿಟಕಿಯಾಚೆ ನೋಡಿದ. ಅಲ್ಲಿ ಅವನಿಗೆ ಕಾಣುತ್ತಿದ್ದದ್ದು ಮಜ್ಜಿಗೆ.

"ಎಲ್ಲಿ ನಿಂತಿದಾನೆ?"

"ಬದಿಗೆ," ಎಂದ ಹಾರ್ವ್.

ಗೀದೋ ನನ್ನತ್ತ ತಿರುಗಿದ. ಹಾರ್ವ್ ಕೂಡ ನನ್ನತ್ತ ನೋಡಿದ, ಹೇಳಬೇಡ ಎನ್ನುವ ಹಾಗೆ.

ನಾನು ಕಿಟಕಿಯಾಚೆ ರೆಮಿಯನ್ನು ನೋಡಿ, ಉಪ್ಪಿನ ಡಬ್ಬಿ ಎತ್ತಿ ಗೋಲ್‌ಕೀಪರ್ ಆಗಿದ್ದ ಕೆಚಪ್ ಬಾಟಲಿಗೆ ತಾಗಿಸಿ ಇಟ್ಟೆ.

ಗೀದೋ ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡು, ಅವುಗಳ ಮೇಲೆ ಕೂತ.