ಅಮರಗುಂಡಪ್ಪನವರ ಫೋರ್ಡು

ಹಟ್ಟಿಯ ಗಣಿ ಮತ್ತೆ ತೆರೆದ ಹೊಸತರಲ್ಲೇ ಕೆಲಸಕ್ಕೆ ಸೇರಿದ ಮುದುಕಪ್ಪ ಹದಿನೈದು ವರ್ಷ ಅಲ್ಲಿ ನೀರೆತ್ತುವ ಪಂಪುಗಳ ಫಿಟ್ಟರ್ ಆಗಿದ್ದ. ಪಂಪಿನ ಗದ್ದಲ ಅವನ ಕಿವಿಗಳನ್ನು ಮೆಲ್ಲಮೆಲ್ಲಗೆ ತಿಂದಿತು. ಒಂದು ದಿನ ಕೆಳಗಿನವರು ಬಾರಿಸಿದ ಗಂಟೆ ಅವನಿಗೆ ಕೇಳಿಸಲೇ ಇಲ್ಲ. ಪಕ್ಕದವನು ಓಡಿ ಬಂದು ಪಂಪು ನಿಲ್ಲಿಸಿದ್ದರಿಂದ ಅನಾಹುತವಾಗಲಿಲ್ಲ. ಆದರೂ ಮರುದಿನ ಮುದುಕಪ್ಪ ತಾನಾಗಿಯೇ ನೌಕರಿ ಬಿಟ್ಟ. "ಇವತ್ತು ಏನೂ ಆಗಲಿಲ್ಲ. ನಾಳೆ ಆದ್ರ ಆ ಪಾಪ ಯಾರ್ ಹೊರಬೇಕು?" ಎಂದು ಹೆಂಡತಿ ಆದೆಮ್ಮನಿಗೆ ಹೇಳಿ, ಕಂಪನಿಯ ಮನೆ ಖಾಲಿ ಮಾಡಿ, ಹುಟ್ಟೂರು ಮಸ್ಕಿಗೆ ಬಂದುಬಿಟ್ಟ. ಅದು ೧೯೫೪ರ ಬೇಸಿಗೆ.

ಊರಲ್ಲಿ ಅವನನ್ನು ಮಾತಾಡಿಸುವವರು ಕಡಿಮೆಯಾದರು. ಒಂದು ಮಾತನ್ನು ಮೂರು ಸಲ ಕೂಗಿ ಹೇಳುವ ತಾಳ್ಮೆ ಯಾರಿಗಿರುತ್ತದೆ? ಆದೆಮ್ಮ ಕೂಲಿಗೆ ಹೋಗುತ್ತಿದ್ದಳು. ಮುದುಕಪ್ಪ ಕಟ್ಟೆಯ ಮೇಲೆ ಕೂತು ನಟ್ಟು ಬಿಚ್ಚುವ ತನ್ನ ಪಾನಾಗಳನ್ನು ಒರೆಸುತ್ತ ಹೊತ್ತು ಕಳೆಯುತ್ತಿದ್ದ.

ಒಂದು ಮುಂಜಾನೆ ಕಸ್ತೂರೆಮ್ಮ ಹೇಳಿ ಕಳಿಸಿದಳು. ಗಂಡ ಮತ್ತು ಮಾವ ಇಬ್ಬರೂ ತೀರಿದ ಮೇಲೆ ಆ ದೊಡ್ಡ ಮನೆಯ ಒಕ್ಕಲುತನವನ್ನೆಲ್ಲ ನಡೆಸುತ್ತಿದ್ದವಳು ಅವಳೇ. ಬಾವಿಯ ರಾಟಿ ಸಿಕ್ಕಿಕೊಂಡಿತ್ತು. ಅದನ್ನು ಬಿಡಿಸಿಕೊಟ್ಟ ಮುದುಕಪ್ಪ ಕೈ ತೊಳೆಯಲು ದನದ ಕೊಟ್ಟಿಗೆಯ ಹಿಂದೆ ಹೋದ. ಅಲ್ಲಿ ತಗಡಿನ ಚಪ್ಪರದ ಕೆಳಗೆ ದನಗಳ ಮೇವಿಗೆಂದು ಜೋಳದ ಕಣಕಿ ಒಟ್ಟಿದ್ದರು. ಆ ಒಟ್ಟಿಲಿನಿಂದ ಗಾಜಿಲ್ಲದ ಒಂದು ದೀಪ ಹೊರಗೆ ಇಣುಕುತ್ತಿತ್ತು.

"ಅಮ್ಮಾರ, ಕಣಕಿ ಒಳಗ ಮೋಟಾರ್ ಐತೇನ್ರೀ?"

"ಐತಿ. ನಮ್ಮ ಮಾವಾರದು. ಆರು ವರ್ಷ ಆತು ಅದರ ಮಾರಿ ಯಾರೂ ನೋಡಿಲ್ಲ."

ಮುದುಕಪ್ಪ ಅಪ್ಪಣೆ ಕೇಳದೆಯೇ ಕಣಕಿ ಸರಿಸತೊಡಗಿದ. ಕಸ್ತೂರೆಮ್ಮನ ಮಾವ ಅಮರಗುಂಡಪ್ಪನವರು ಹತ್ತಿಯ ಒಳ್ಳೆಯ ಕಾಲದಲ್ಲಿ ಹೈದರಾಬಾದಿನಿಂದ ತರಿಸಿದ ಫೋರ್ಡು ಅದು. ಮೇಲಿನ ಕ್ಯಾನ್ವಾಸು ಇಲಿಗಳ ಪಾಲಾಗಿತ್ತು. ಟೈರುಗಳು ಒಣಗಿದ ತೊಗಲಿನ ಹಾಗೆ ಸೀಳಿದ್ದವು. ಹಿಂದಿನ ಸೀಟಿನ ಮೇಲೆ ಕೋಳಿಯೊಂದು ಕಾವು ಕೂತಿದ್ದು, ಅವನನ್ನು ಕಂಡು ಕುಕ್ಕಲು ಬಂತು. ಅವನು ಬಾನೆಟ್ ಎತ್ತಿ, ಎಂಜಿನ್ನಿನ ಮೇಲೆ ಅಂಗೈ ಇಟ್ಟು ಬಹಳ ಹೊತ್ತು ನಿಂತ.

"ಇದನ್ನ ನನಗ ಬಿಡ್ರಿ. ನಾ ನಡಸ್ತೀನಿ."

"ತೂಕಕ್ಕ ಹಾಕ್ರಿ ಅಂತ ಎಲ್ಲಾರೂ ಹೇಳ್ತಾರ. ನಿನಗ ನೋಡಿದ್ರ ಕಿವಿ ಕೇಳೂದಿಲ್ಲ."

"ಕೈಗೆ ಕೇಳಸ್ತೈತ್ರಿ."

ಕಸ್ತೂರೆಮ್ಮನಿಗೆ ನಗು ಬಂತು. ಆದರೆ ಅವನ ಮುಖದಲ್ಲಿ ನಗುವಿರಲಿಲ್ಲ. "ಹಾಂಗಂದ್ರ ಕೇಳು," ಎಂದು ದನಿ ಎತ್ತರಿಸಿದಳು, "ನಡದ್ರ ಅದು ನಿಂದು. ನಡೀಲಿಲ್ಲಂದ್ರ ಈ ಕಣಕಿ ಎಲ್ಲಾ ಮತ್ತ ನೀನೇ ಒಟ್ಟಿ ಹೋಗಬೇಕು."

ಅಂದಿನಿಂದ ಮುದುಕಪ್ಪನ ಹಗಲೆಲ್ಲ ಆ ಚಪ್ಪರದಲ್ಲೇ ಕಳೆಯಿತು. ಇಲಿಗೂಡು ತೆಗೆದು ಎಂಜಿನ್ನಿನ ಮಣ್ಣು ಕೆರೆಯುವಾಗ ಮೂರನೆಯ ದಿನ ಅವನಿಗೆ ಒಂದು ಸಂಗತಿ ಕಂಡಿತು. ಎಂಜಿನ್ನಿನ ತಲೆಯ ಮೇಲೆ ಡಿಸ್ಟ್ರಿಬ್ಯೂಟರ್ ಇರಬೇಕು. ನಾಲ್ಕು ಸಿಲಿಂಡರುಗಳಿಗೂ ಸರದಿಯ ಪ್ರಕಾರ ಕಿಡಿ ಹಂಚುವುದು ಅದೇ. ಅದಿರಲಿಲ್ಲ. ಅದು ಕೂರುವ ತೂತಿಗೆ ಯಾರೋ ಎಣ್ಣೆಬಟ್ಟೆ ತುರುಕಿ, ಮೇಲೆ ಮೇಣ ಬಳಿದಿದ್ದರು. ಕದ್ದು ಒಯ್ಯುವವನು ತೂತಿಗೆ ಮೇಣ ಬಳಿಯುತ್ತ ಕೂರುವುದಿಲ್ಲ. ಮುದುಕಪ್ಪ ಅದನ್ನು ಮನಸ್ಸಿನಲ್ಲಿಟ್ಟುಕೊಂಡ. ಮೊದಲು ಎಂಜಿನ್ ತಿರುಗಲಿ, ಆಮೇಲೆ ಅದರ ಮಾತು.

ಎಂಜಿನ್ ತಿರುಗಲೊಲ್ಲದು. ಪಿಸ್ಟನ್ನುಗಳು ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ಪ್ಲಗ್ಗು ಬಿಚ್ಚಿ ನಾಲ್ಕೂ ತೂತಿಗೆ ಸೀಮೆಎಣ್ಣೆ ಹೊಯ್ದ. ದಿನಾಲು ಹೊಯ್ಯುವುದು, ಹ್ಯಾಂಡಲ್ ಹಾಕಿ ಜಗ್ಗುವುದು. ಹಾದಿಯಲ್ಲಿ ಹೋಗುವವರು ನಿಂತು ನೋಡಿ, "ಮುದುಕಪ್ಪ ಗುಡ್ಡ ಎಳಿಯಾಕತ್ತಾನ" ಎನ್ನುತ್ತಿದ್ದರು. ಅವನಿಗೆ ಕೇಳಿಸುತ್ತಿರಲಿಲ್ಲ. ಆದೆಮ್ಮನಿಗೆ ಕೇಳಿಸುತ್ತಿತ್ತು. ಹತ್ತೊಂಬತ್ತನೆಯ ದಿನ ರೊಟ್ಟಿ ಗಂಟು ತಂದವಳು ಅದನ್ನು ಧೊಪ್ಪನೆ ನೆಲಕ್ಕಿಟ್ಟಳು.

"ಮಂದಿ ಏನ್ ಅನ್ನಾಕತ್ತಾರ ಗೊತ್ತೈತೇನ್ರೀ ನಿಮಗ? ಸರೀರಿ ಅತ್ತಾಗ!"

ಸಿಟ್ಟಿನಲ್ಲಿ ಅವಳೇ ಹ್ಯಾಂಡಲ್ ಹಿಡಿದು ಮೈಭಾರವನ್ನೆಲ್ಲ ಹಾಕಿದಳು. ಕರ್ ಎಂದು ಏನೋ ಸಡಿಲಿತು. ಹ್ಯಾಂಡಲ್ ಒಂದು ಗೇಣು ಕೆಳಗಿಳಿಯಿತು. ಆದೆಮ್ಮ ಹೆದರಿ ಕೈಬಿಟ್ಟಳು. "ಅಯ್ಯ, ಮುರೀತೇನ್ರೀ?"

"ಮುರೀಲಿಲ್ಲ. ಬಿಟ್ಟಿತು!" ಮುದುಕಪ್ಪ ನಕ್ಕ. ಗಣಿ ಬಿಟ್ಟ ಮೇಲೆ ಅವನು ನಕ್ಕದ್ದನ್ನು ಆದೆಮ್ಮ ನೋಡಿದ್ದು ಅದೇ ಮೊದಲು. ಮರುದಿನದಿಂದ ಕೂಲಿ ಮುಗಿದ ಮೇಲೆ ಅವಳೂ ಚಪ್ಪರಕ್ಕೆ ಬಂದು ಗಾಲಿಗಳ ತುಕ್ಕು ಉಜ್ಜತೊಡಗಿದಳು.

ಆಗ ಮುದುಕಪ್ಪ ಕಸ್ತೂರೆಮ್ಮನನ್ನು ಕೇಳಿದ, "ಕಿಡಿ ಹಂಚೋ ಭಾಗ ಯಾರ್ ತಗದಾರ್ರೀ ಅಮ್ಮಾರ?"

ಅವಳ ಮುಖ ಸಣ್ಣದಾಯಿತು. "ನಮ್ಮ ಡ್ರೈವರ್ ಜಿಲಾನಿಸಾಬ್. ರಜಾಕಾರರ ಗಲಾಟಿ ವರ್ಷ ಕದ್ದು ಮಾರ್ಕೊಂಡ ಅಂತ ನಮ್ಮ ಮಾವ ಬಜಾರದಾಗ ನಿಲ್ಲಿಸಿ ಬೈದು ಹೊರಗ ಹಾಕಿದ್ರು. ಸಾಯೂತನಕ ಅದೇ ಮಾತು. ಉಂಡ ಮನಿಗೆ ಎರಡು ಬಗದ ಅಂತ."

"ಈಗ ಎಲ್ಲಿದ್ದಾನ್ರೀ?"

"ಸಿಂಧನೂರಿನ ಕಡೆ ಅಂತಾರ. ಜವಳಗೇರಾದಾಗ ಟ್ರ್ಯಾಕ್ಟರ್ ಹೊಡೀತಾನಂತ."

ಮರುದಿನವೇ ಮುದುಕಪ್ಪ ಬಸ್ಸು ಹತ್ತಿದ. ಆ ಸೀಮೆಗೆ ಕಾಲುವೆ ನೀರು ಹೊಸದಾಗಿ ಬಂದಿತ್ತು. ಎರೆಹೊಲಗಳನ್ನು ಒಡೆದು ಗದ್ದೆ ಮಾಡುತ್ತಿದ್ದರು. ಕೆಸರಿನ ಅಂಚಿಗೆ ಟ್ರ್ಯಾಕ್ಟರ್ ನಿಲ್ಲಿಸಿ ಇಳಿದ ಬಿಳಿ ಗಡ್ಡದ ತೆಳ್ಳನೆಯ ಮನುಷ್ಯನಿಗೆ ಮುದುಕಪ್ಪ ಚೀಲದಿಂದ ಆ ಎಣ್ಣೆಬಟ್ಟೆ ತೆಗೆದು ತೋರಿಸಿದ. ಜಿಲಾನಿಸಾಬ್ ಅದನ್ನು ನೋಡಿ ಬದುವಿನ ಮೇಲೆ ಕೂತುಬಿಟ್ಟ.

"ಗಾಡಿ ಇನ್ನೂ ಐತೇನು?"

"ಎಂಜಿನ್ ತಿರಗ್ತೈತಿ, ಸಾಬ್ರ. ಜರಾ ಜೋರಾಗಿ ಮಾತಾಡ್ರಿ, ನನಗ ಕಿವಿ ಮಂದ."

ಜಿಲಾನಿಸಾಬ್ ಅವನ ಕಿವಿಯ ಬಳಿ ಬಾಯಿಟ್ಟು ಹೇಳಿದ. ಆರು ವರ್ಷ ಮನೆಯ ಹೊರಗೆ ಯಾರಿಗೂ ಹೇಳದ ಮಾತನ್ನು ಬಯಲಿನಲ್ಲಿ ಕೂಗಿ ಹೇಳಬೇಕಾಯಿತು.

"ಆ ವರ್ಷ ಶ್ರಾವಣದಾಗ ನಿಜಾಮನ ಕಡಿ ರಜಾಕಾರರು ಬಂದ್ರು, ಮಿಸ್ತ್ರಿ. ನಾಳೆ ಗಾಡಿ ಬೇಕು, ಒಂದು ಊರಿಗೆ ಹೋಗೋದೈತಿ ಅಂದ್ರು. ಬಂದೂಕು ತಗೊಂಡು ಊರಿಗೆ ಯಾಕ ಹೋಗ್ತಾರ, ನನಗ ಗೊತ್ತಿಲ್ಲೇನು? ಮುಂಜಾನಿ ನಮಾಜಿಗೆ ಮೊದಲ ಎದ್ದು ಆ ಭಾಗ ಬಿಚ್ಚಿದೆ. ಗಾಡಿ ಕೆಟ್ಟೈತಿ ಅಂದೆ. ಹೊಡದ್ರು. ಕೆಟ್ಟೈತಿ ಅಂತನ ಅಂದೆ. ಆಮ್ಯಾಲ ಹಿಂದುಸ್ತಾನದ ಫೌಜು ಬಂತು, ಅವರು ಹೋದ್ರು. ಆಗ ಸೇಡು ತೀರಿಸ್ಕೊಳ್ಳಾಕ ಬ್ಯಾರೆ ಮಂದಿ ಬಂದ್ರು, ಗಾಡಿ ಕೊಡು ಅಂತ. ಅವರು ಯಾರ ಓಣಿಗೆ ಹೊಂಟಿದ್ರು ಅನ್ನೋದೂ ನನಗ ಗೊತ್ತಿತ್ತು. ಅವರಿಗೂ ಕೆಟ್ಟೈತಿ ಅಂದೆ."

"ಅಮರಗುಂಡಪ್ಪ ಗೌಡ್ರಿಗೆ ಯಾಕ ಹೇಳಲಿಲ್ಲ?"

"ಹೇಳಿದ್ರ ಅವರನ್ನ ಹೊಡದು ಕೇಳ್ತಿದ್ರು. ಎಲ್ಲಾ ಮುಗದ ಮ್ಯಾಲ ಹೇಳೂಣು ಅಂದ್ರ, ಆಗ ನನ್ನ ಮಾತು ಯಾರ್ ಕೇಳವರಿದ್ರು?"

"ಆ ಭಾಗ ಎಲ್ಲೈತಿ?"

ಜಿಲಾನಿಸಾಬ್ ದಕ್ಷಿಣಕ್ಕೆ ಕೈ ತೋರಿಸಿದ. "ಹೊಳ್ಯಾಗ. ನನ್ನ ಹೆಂಡತಿ ತವರಮನಿ ದಢೇಸುಗೂರು. ಅಲ್ಲಿಗೆ ಹೋಗಿ ತುಂಗಭದ್ರಿಗೆ ಒಗದು ಬಂದೆ. ಮನ್ಯಾಗಿಟ್ಟಿದ್ರ ಎರಡನೇ ಸಲ ಹೊಡದಾಗ ಹೇಳಿಬಿಡ್ತಿದ್ದೆನೋ ಏನೋ. ಹೊಳಿಗೆ ಹಾಕಿದ್ರ ಹೇಳಾಕ ಏನೂ ಉಳಿಯೂದಿಲ್ಲ ನೋಡು."

ಮುದುಕಪ್ಪ ಎಣ್ಣೆಬಟ್ಟೆಯನ್ನು ಮಡಿಚಿ ಚೀಲಕ್ಕೆ ಹಾಕಿಕೊಂಡ. ಆಮೇಲೆ, "ಬ್ಯಾರೆದು ಹುಡುಕ್ತೀನಿ. ಕೂಡಿಸಾಕ ನೀವು ಬರಬೇಕು, ಸಾಬ್ರ," ಎಂದ.

"ಮಸ್ಕಿಗೆ ನಾ ಬರೂದಿಲ್ಲ."

ಮುದುಕಪ್ಪ ಇದನ್ನೆಲ್ಲ ಕಸ್ತೂರೆಮ್ಮನಿಗೆ ಹೇಳಿದಾಗ ಅವಳು ಆ ದಿನ ಊಟ ಮಾಡಲಿಲ್ಲ. ಮೂರನೆಯ ದಿನ ತಾನೇ ಅವನೊಂದಿಗೆ ಜವಳಗೇರಾಕ್ಕೆ ಹೊರಟಳು. ಜಿಲಾನಿಸಾಬ್ ಗದ್ದೆಯಲ್ಲಿದ್ದ. ಗುಡಿಸಲ ಮುಂದೆ ಅವನ ಹೆಂಡತಿ ಗುಲ್ಷನ್‌ಬೀ ಅಕ್ಕಿ ಕೇರುತ್ತಿದ್ದಳು. ಬಂದವಳನ್ನು ಗುರುತು ಹಿಡಿದರೂ ಮೊರ ಕೆಳಗಿಡಲಿಲ್ಲ.

"ನಮ್ಮ ಮಾವ ನಿನ್ನ ಗಂಡಗ ಕಳ್ಳ ಅಂದಾಗ ನಾ ಬಜಾರದ ಕಡಿ ಬಾಗಲಾಗ ನಿಂತು ಕೇಳಿದ್ದೆ," ಎಂದಳು ಕಸ್ತೂರೆಮ್ಮ. "ಆ ಮಾತು ಸುಳ್ಳು. ಅದನ್ನ ಹೇಳಾಕ ಬಂದೀನಿ."

"ಇಲ್ಲಿ ಬಂದು ನನ್ನ ಮುಂದ ಹೇಳಿದ್ರ ಏನ್ ಬಂತ್ರೀ, ಅಮ್ಮಾ? ನನಗ ಮೊದಲೇ ಗೊತ್ತೈತಿ. ಕಳ್ಳ ಅಂದದ್ದು ಬಜಾರದಾಗ. ಅಲ್ಲಿ ಹೇಳಿದ್ರ ಅದು ಮಾತು."

ಕಸ್ತೂರೆಮ್ಮ ತಲೆಯಾಡಿಸಿದಳು. "ಅಲ್ಲೇ ಹೇಳ್ತೀನಿ."

ಹೇಳಿದಳು ಕೂಡ. ಆ ಮನೆಯ ಸೊಸೆಯಂದಿರು ಬಜಾರದಲ್ಲಿ ನಿಂತು ಮಾತಾಡಿದ್ದನ್ನು ಮಸ್ಕಿ ಕಂಡಿರಲಿಲ್ಲ. ಸಂತೆಯ ದಿನ ಅವಳು ಕಿರಾಣಿ ಅಂಗಡಿಯ ಕಟ್ಟೆ ಹತ್ತಿ, ತಲೆಯ ಮೇಲಿನ ಸೆರಗು ಬಿಗಿಹಿಡಿದು ನಡೆದದ್ದೆಲ್ಲ ಹೇಳಿದಳು. ಅರ್ಧಕ್ಕೆ ನಿಲ್ಲಿಸಲಿಲ್ಲ. "ನಮ್ಮ ಮಾವ ತಪ್ಪು ಮಾಡಿದ್ರು. ಅವರಿಲ್ಲ. ಅವರ ಬದಲಿ ನಾ ಕೈ ಮುಗೀತೀನಿ," ಎಂದು ಕೆಳಗಿಳಿದಳು. ಕೆಲವರು ಮುಖ ಆಚೆ ತಿರುಗಿಸಿದರು. ಗಾಡಿ ಕೇಳಲು ಹೋದವರಲ್ಲಿ ಅವರೂ ಇದ್ದಿರಬೇಕು. ಒಬ್ಬ ಮುದುಕ ಮಾತ್ರ ಜೋರಾಗಿ, "ಛಲೋ ಮಾಡಿದಿ, ಯವ್ವಾ," ಎಂದ.

ಮುಂದಿನ ಶುಕ್ರವಾರ ಮಧ್ಯಾಹ್ನದ ಬಸ್ಸಿನಿಂದ ಜಿಲಾನಿಸಾಬ್ ಇಳಿದ. ಚಪ್ಪರಕ್ಕೆ ಬಂದವನು ಗಾಡಿಗೆ ಒಂದು ಸುತ್ತು ಹಾಕಿ, "ಪಾನಾ ಕೊಡು, ಮಿಸ್ತ್ರಿ," ಎಂದ.

ಅಲ್ಲಿಂದ ಮುಂದಿನ ಆರು ತಿಂಗಳು ಸುಲಭವಾಗಿರಲಿಲ್ಲ. ಜಿಲಾನಿಸಾಬ್ ಶುಕ್ರವಾರಕ್ಕೊಮ್ಮೆ ಬಂದು ಹೋಗುತ್ತಿದ್ದ. ರಾಯಚೂರಿನ ಹಳೆ ಕಬ್ಬಿಣದ ಸಾಲಿನಲ್ಲಿ ಮುದುಕಪ್ಪ ಎರಡು ದಿನ ಹುಡುಕಿ ಬೇರೆ ಯಾವುದೋ ಗಾಡಿಯ ಡಿಸ್ಟ್ರಿಬ್ಯೂಟರ್ ತಂದ. ಅದರ ಕಡ್ಡಿ ಅರ್ಧ ಬೆರಳು ಉದ್ದವಾಯಿತು. ಲಿಂಗಸುಗೂರಿನ ಹತ್ತಿ ಗಿರಣಿಯ ಲೇತ್ ಯಂತ್ರದ ಮೇಲೆ ಹಾಕಿಸಿದರೆ ಕೂದಲೆಳೆಯಷ್ಟು ಹೆಚ್ಚು ಕತ್ತರಿಸಿ ಹೋಯಿತು. ಮತ್ತೆ ರಾಯಚೂರಿಗೆ, ಮತ್ತೆ ಲಿಂಗಸುಗೂರಿಗೆ. ಎರಡನೆಯದರ ಕೊನೆಯ ಅಳತೆಯನ್ನು ಲೇತಿಗೂ ಬಿಡದೆ ಮುದುಕಪ್ಪ ನಾಲ್ಕು ದಿನ ಅರದಿಂದ ತಾನೇ ಉಜ್ಜಿದ. ಆದೆಮ್ಮ ತಾಡಪಾಲಿನ ಬಟ್ಟೆಯನ್ನು ಗೋಣಿ ಸೂಜಿಯಿಂದ ಹೊಲಿದು ಮೇಲ್ಹೊದಿಕೆ ಮಾಡಿದಳು. ಟೈರುಗಳು ಎರಡು ಒಂದು ಬಗೆ, ಎರಡು ಇನ್ನೊಂದು ಬಗೆ ಸಿಕ್ಕವು.

ಶುರು ಮಾಡಲು ಕೂತ ಮೊದಲ ಶುಕ್ರವಾರ ಎಂಜಿನ್ ಉಸಿರೆತ್ತಲಿಲ್ಲ. ಎರಡನೆಯ ಶುಕ್ರವಾರ ಹ್ಯಾಂಡಲ್ ಹಿಂದಕ್ಕೆ ಒದ್ದು ಮುದುಕಪ್ಪನ ಮಣಿಕಟ್ಟು ಬಾತಿತು. ಮೂರನೆಯ ಶುಕ್ರವಾರ ಅವನು ಎಡಗೈಯಿಂದಲೇ ತಿರುಗಿಸಿದ. ಚಾಲಕನ ಜಾಗದಲ್ಲಿದ್ದ ಜಿಲಾನಿಸಾಬ್ ಕಿಡಿಯ ಹೊತ್ತನ್ನು ಹೊಂದಿಸುವ ಸನ್ನೆಗೋಲನ್ನು ಚೂರು ಕೆಳಗೆ ಎಳೆದ. ಗಾಡಿ ಕೆಮ್ಮಿತು, ಕಪ್ಪು ಹೊಗೆ ಉಗುಳಿತು, ಮತ್ತೆ ಕೆಮ್ಮಿತು, ಆಮೇಲೆ ನಿಲ್ಲಲಿಲ್ಲ. ಕೋಳಿಗಳು ದಿಕ್ಕಾಪಾಲಾಗಿ ಓಡಿದವು. ಮುದುಕಪ್ಪ ಒಂದು ಕೋಲಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಇನ್ನೊಂದು ತುದಿಯನ್ನು ಹಲ್ಲಿನಿಂದ ಕಚ್ಚಿಕೊಂಡು ಕಣ್ಣು ಮುಚ್ಚಿದ. ಎಂಜಿನ್ನಿನ ಬಡಿತ ಅವನ ತಲೆಬುರುಡೆಯೊಳಗೆ ಇಳಿಯಿತು.

"ಮೂರನೇ ಸಿಲಿಂಡರ್ ತಪ್ಪಾಕತ್ತೈತಿ!" ಎಂದು ಕೂಗಿದ ಜಿಲಾನಿಸಾಬ್.

ಮುದುಕಪ್ಪ ಕೋಲು ತೆಗೆದು, ಅದೇ ಕ್ಷಣಕ್ಕೆ, "ಮೂರನೇದು, ಸಾಬ್ರ," ಎಂದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಕಸ್ತೂರೆಮ್ಮ ಕೊಟ್ಟಿಗೆಯ ಕಂಬ ಹಿಡಿದು ನಿಂತಿದ್ದಳು. ಅವಳ ಕಣ್ಣು ತುಂಬಿತ್ತು. "ನಿಂದಾತು, ಮುದುಕಪ್ಪ," ಎಂದಳು.

೧೯೫೫ರ ಯುಗಾದಿ ಕಳೆದ ವಾರ ಗಾಡಿ ಮಸ್ಕಿ ಬಿಟ್ಟು ಜವಳಗೇರಾದ ಕಡೆ ಹೊರಟಿತು. ಮುಂದೆ ಜಿಲಾನಿಸಾಬ್ ಮತ್ತು ಮುದುಕಪ್ಪ. ಹಿಂದೆ ಆದೆಮ್ಮ ಮತ್ತು ಕಸ್ತೂರೆಮ್ಮ. ಇಪ್ಪತ್ತು ವರ್ಷದಿಂದ ಮನೆಯಲ್ಲಿದ್ದ ಗಾಡಿಯಲ್ಲಿ ಕಸ್ತೂರೆಮ್ಮ ಕೂತದ್ದು ಅದೇ ಮೊದಲು. ಅದು ಗಂಡಸರ ಸವಾರಿಯಾಗಿತ್ತು. ಸಿಂಧನೂರು ಮುಟ್ಟುವಷ್ಟರಲ್ಲಿ ಎರಡು ಸಲ ನೀರು ಕುದಿಯಿತು, ಒಂದು ಸಲ ಟೈರು ಇಳಿಯಿತು. ಜವಳಗೇರಾ ಮುಟ್ಟಿದಾಗ ಬಿಸಿಲು ನೆತ್ತಿಗೆ ಬಂದಿತ್ತು.

ಗುಲ್ಷನ್‌ಬೀ ಹೊರಗೆ ಬಂದು ಗಾಡಿಯನ್ನು ನೋಡಿದಳು. ಗಂಡನ ಮುಖ ನೋಡಿದಳು. ಒಳಗೆ ಹೋಗಿ, ಕೊಡ ನೀರು ತಂದು ಮುದುಕಪ್ಪನ ಕೈಗೆ ಕೊಟ್ಟಳು. ಅವನು ಅದನ್ನು ಹಬೆಯಾಡುವ ರೇಡಿಯೇಟರಿಗೆ ಮೆಲ್ಲಗೆ ಸುರಿದ. ಕಸ್ತೂರೆಮ್ಮ ಕೆಳಗಿಳಿದು ಬಾಗಿಲು ತೆರೆದು ಹಿಡಿದಳು.

"ಬಜಾರದಾಗ ಹೇಳಿದೆ, ಗುಲ್ಷನ್‌ಬೀ."

"ಕೇಳೀನ್ರಿ." ಗುಲ್ಷನ್‌ಬೀ ಗಾಡಿಯ ಹಿಂದಿನ ಸೀಟು ನೋಡಿದಳು. "ಇದು ಹಿಂದಕ ಸಿಂಧನೂರಿನ ಮ್ಯಾಲೇ ಹೋಗೂದಲ್ಲೇನ್ರೀ?"

"ಹೌದು."

ಒಳಗಿನಿಂದ ಬುಟ್ಟಿ ತಂದು, ಗುಡಿಸಲ ಕದ ಎಳೆದುಕೊಂಡು, ಕಸ್ತೂರೆಮ್ಮನ ಪಕ್ಕದಲ್ಲಿ ಹತ್ತಿ ಕೂತಳು. ದಾರಿಯಲ್ಲಿ ಒಮ್ಮೆ ಗಾಡಿ ಕುಲುಕಿದಾಗ ಇಬ್ಬರೂ ಒಬ್ಬರ ತೋಳನ್ನೊಬ್ಬರು ಹಿಡಿದುಕೊಂಡರು.

ಸಿಂಧನೂರಿನ ಬಜಾರದಲ್ಲಿ ಮಂದಿ ಸುತ್ತುವರಿದರು. ಗುಲ್ಷನ್‌ಬೀ ಬುಟ್ಟಿ ಹಿಡಿದು ಇಳಿದು, ಮುದುಕಪ್ಪನ ಕಿವಿಯ ಬಳಿ ಬಂದು ಜೋರಾಗಿ ಹೇಳಿದಳು, "ಸಂತಿ ಮಾಡ್ಕೊಂಡು ಬರ್ತೀನ್ರಿ. ಹೊಳ್ಳಿ ಜವಳಗೇರಾಕ್ಕ ಬಿಡಬೇಕು ನನ್ನ. ಅರ್ಧ ತಾಸು ನಿಲ್ಲಸ್ರಿ."

"ಎಂಜಿನ್ ಬಂದ್ ಮಾಡ್ಲೇನು, ಮಿಸ್ತ್ರಿ?" ಎಂದು ಕೇಳಿದ ಜಿಲಾನಿಸಾಬ್.

"ಬ್ಯಾಡ, ಸಾಬ್ರ. ನಡೀಲಿ," ಎಂದ ಮುದುಕಪ್ಪ. ಗಾಡಿಯಿಂದಿಳಿದು, ಬಾನೆಟ್ಟಿನ ಮೇಲೆ ಅಂಗೈ ಇಟ್ಟು, ಅವಳು ಬರುವ ತನಕ ಹಾಗೆಯೇ ನಿಂತ.